ಲೈಫ್‌ಲೈನ್ ಫೋನ್ ರಿಯಾಯಿತಿ: ಹಲವು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ಅಮೆರಿಕದಲ್ಲಿ ಕಡಿಮೆ ಆದಾಯದ ಮನೆಗಳಿಗೆ ಸರ್ಕಾರದ ಕಡೆಯಿಂದ ಸಿಗುವ ಫೋನ್ ರಿಯಾಯಿತಿಯ ಹೆಸರು ಲೈಫ್‌ಲೈನ್. ನಾವಿರೋದು ಓಹಾಯೋದಲ್ಲಿ. ಕೋವಿಡ್‌ಗಿಂತ ಮೊದಲಿಂದ ನಮ್ಮ ಮನೆಯಲ್ಲಿ ಇದನ್ನು ಬಳಸುತ್ತಿದ್ದೇವೆ. ರಿಯಾಯಿತಿ ತಿಂಗಳಿಗೆ ಹೆಚ್ಚೆಂದರೆ 9.25 ಡಾಲರ್. ಮೂಲನಿವಾಸಿಗಳ ಟ್ರೈಬಲ್ ಪ್ರದೇಶದಲ್ಲಿ ಇರುವವರಿಗೆ ಮಾತ್ರ 34.25ರವರೆಗೆ ಸಿಗುತ್ತದೆ. ಮೊತ್ತ ನೋಡಿ "ಇಷ್ಟಕ್ಕೆ ಯಾಕೆ ಅಷ್ಟು ತಲೆನೋವು" ಅನ್ನುವವರು ಇದ್ದಾರೆ. ನಾನಂತೂ ಅರ್ಹತೆ ಇದ್ದರೆ ಖಂಡಿತ ತಗೊಳ್ಳಿ ಅಂತಲೇ ಹೇಳುತ್ತೇನೆ. 5ಕ್ಕೆ 4 ಕೊಡುತ್ತೇನೆ.

ನನಗೆ ಇದರಲ್ಲಿ ಕಂಡ ದೊಡ್ಡ ಲಾಭ ಅಂದರೆ ನಂಬರು ಕೈತಪ್ಪದೆ ಉಳಿದದ್ದು. ನಮ್ಮ ಯಜಮಾನರ ಕೆಲಸ ಹೋದ ವರ್ಷ ಮನೆಯಲ್ಲಿ ಪ್ರತಿ ಬಿಲ್ಲಿಗೂ ಯೋಚನೆ ಮಾಡುವ ಪರಿಸ್ಥಿತಿ. ಆಗ ಪ್ರೀಪೇಡ್ ರೀಚಾರ್ಜ್ ತಪ್ಪಿದ್ದರೆ ನಂಬರೇ ಹೋಗುತ್ತಿತ್ತು. ಕೆಲಸಕ್ಕೆ ಹಾಕಿದ ಅರ್ಜಿಗಳಲ್ಲಿ ಅದೇ ನಂಬರು. ಮಕ್ಕಳ ಸ್ಕೂಲಲ್ಲಿ ಅದೇ, ಕ್ಲಿನಿಕ್ಕಲ್ಲಿ ಅದೇ, ಬ್ಯಾಂಕಿನ ಒಟಿಪಿ ಬರೋದೂ ಅದಕ್ಕೇ. ಫುಡ್ ಸ್ಟ್ಯಾಂಪ್ (ಸರ್ಕಾರದ ಆಹಾರ ನೆರವು) ಇಂಟರ್‌ವ್ಯೂ ಕೂಡ ಎಷ್ಟೋ ಸಲ ಫೋನಲ್ಲೇ ನಡೆಯುತ್ತದೆ. ಕರೆ ತಪ್ಪಿದರೆ ಅರ್ಜಿ ಅಲ್ಲೇ ಕೂರುತ್ತದೆ. ದುಡ್ಡಿಲ್ಲದ ಹೊತ್ತಲ್ಲೇ ಫೋನ್ ಜಾಸ್ತಿ ಬೇಕಾಗೋದು, ಅಲ್ವಾ?

ಯಾರಿಗೆ ಸಿಗುತ್ತದೆ? ಮನೆಯ ಆದಾಯ ಕೇಂದ್ರ ಸರ್ಕಾರದ ಬಡತನ ಮಿತಿಯ 135%ರ ಒಳಗಿರಬೇಕು. 2025ರ ಲೆಕ್ಕದಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ ಕಡೆ ಒಬ್ಬರಿಗೆ ವರ್ಷಕ್ಕೆ ಸುಮಾರು 21,100 ಡಾಲರ್, ನಾಲ್ವರ ಮನೆಗೆ ಸುಮಾರು 43,400. ಇಲ್ಲವಾದರೆ ಸ್ನ್ಯಾಪ್ (ಅದೇ ಫುಡ್ ಸ್ಟ್ಯಾಂಪ್), ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ), ಎಸ್‌ಎಸ್‌ಐ (ಕಡಿಮೆ ಆದಾಯದ ವೃದ್ಧರಿಗೆ, ಅಂಗವಿಕಲರಿಗೆ ಸಿಗುವ ಮಾಸಿಕ ನೆರವು), ಫೆಡರಲ್ ಹೌಸಿಂಗ್ ನೆರವು, ಮಾಜಿ ಸೈನಿಕರ ಪಿಂಚಣಿ, ಇವುಗಳಲ್ಲಿ ಒಂದಿದ್ದರೂ ಸಾಕು. ದೊಡ್ಡವರಿಗೇ ಇರಬೇಕು ಅಂತೇನೂ ಇಲ್ಲ. ನಮಗೆ ಸಿಕ್ಕಿದ್ದು ಮಗಳ ಮೆಡಿಕೇಡ್ ಮೇಲೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಇದನ್ನು ಈಚೆಗೆ ಬಂದ ಬಿಟ್ಟಿ ಭಾಗ್ಯ ಅಂದುಕೊಂಡು ನಾಚಿಕೊಳ್ಳುವವರೂ ಇದ್ದಾರೆ. ಇದು ಶುರುವಾಗಿದ್ದು 1985ರಲ್ಲಿ, ಅಧ್ಯಕ್ಷ ರೇಗನ್ ಕಾಲದಲ್ಲಿ, ಆಗ ಬರೀ ಮನೆಯ ಲ್ಯಾಂಡ್‌ಲೈನ್‌ಗೆ. ಆಮೇಲೆ ಮೊಬೈಲಿಗೆ ಬಂತು, 2016ರ ನಿಯಮಗಳ ನಂತರ ಇಂಟರ್‌ನೆಟ್ಟಿಗೂ ಬಂತು. ದುಡ್ಡು ಬರೋದು ಯೂನಿವರ್ಸಲ್ ಸರ್ವಿಸ್ ಫಂಡ್‌ನಿಂದ. ಮಾಮೂಲಿ ಫೋನ್ ಬಿಲ್ಲಿನ ಕೆಳಗೆ ಆ ಹೆಸರಲ್ಲಿ ಒಂದು ಸಣ್ಣ ಮೊತ್ತ ಇರುತ್ತದೆ, ಹಳೆಯ ಬಿಲ್ಲು ಇದ್ದರೆ ನೋಡಿ. ಕೆಲಸ ಚೆನ್ನಾಗಿದ್ದಾಗ ನಾವೂ ಅದನ್ನು ಕಟ್ಟಿದವರೇ. ಇದರಲ್ಲಿ ನಾಚಿಕೆಗೆ ಏನಿದೆ?

ಅರ್ಜಿ ಹಾಕೋದು ನ್ಯಾಷನಲ್ ವೆರಿಫೈಯರ್ ಅನ್ನುವ ವ್ಯವಸ್ಥೆಯಲ್ಲಿ. ಯುಸ್ಯಾಕ್ ಅನ್ನುವ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಸರ್ಕಾರದ ದಾಖಲೆಯಲ್ಲಿ ನಿಮ್ಮ ಹೆಸರು ಹೊಂದಿಕೊಂಡರೆ ಕೂತಲ್ಲೇ ಮುಗಿಯುತ್ತದೆ. ನಮಗೆ ತೊಡಕಾಗಿದ್ದು ವಿಳಾಸದಲ್ಲಿ. ಒಂದೇ ಮನೆಯನ್ನು ನಾವೂ ಇನ್ನೊಂದು ಸಂಸಾರವೂ ಹಂಚಿಕೊಂಡಿದ್ದೆವು, ಅವರಿಗೆ ಆಗಲೇ ಲೈಫ್‌ಲೈನ್ ಇತ್ತು. ನಿಯಮ ಒಂದು ಮನೆತನಕ್ಕೆ ಒಂದೇ. ಅದರರ್ಥ ಒಂದು ಬಾಗಿಲಿಗೆ ಒಂದೇ ಅಂತಲ್ಲ. ಆದಾಯ, ಖರ್ಚು ಎರಡೂ ಒಟ್ಟಿಗೆ ಇದ್ದರೆ ಒಂದು ಮನೆತನ, ಬೇರೆಬೇರೆ ಇದ್ದರೆ ಎರಡು. ಅದಕ್ಕಂತಲೇ ಹೌಸ್‌ಹೋಲ್ಡ್ ವರ್ಕ್‌ಶೀಟ್ ಅನ್ನುವ ಫಾರಂ ಇದೆ. ನಿಮ್ಮ ಜೊತೆ ಬೇರೆ ವಯಸ್ಕರು ಇದ್ದಾರಾ, ಅವರಿಗೆ ಲೈಫ್‌ಲೈನ್ ಇದೆಯಾ, ದುಡ್ಡುಕಾಸು ಒಟ್ಟಿಗೆ ಇದೆಯಾ ಅಂತ ಕೇಳುತ್ತದೆ. ತುಂಬಿ ಸಹಿ ಹಾಕಿದೆವು, ಮಂಜೂರಾಯಿತು. ಮೊದಲ ಸಲ ತಿರಸ್ಕಾರ ಬಂತು ಅಂತ ದಯವಿಟ್ಟು ಅಲ್ಲಿಗೇ ಬಿಡಬೇಡಿ.

ಇನ್ನು ಸೇವೆಯ ವಿಷಯ. ನಾವು ಫೋನ್ ಕಂಪನಿಯ ಪೂರ್ತಿ ಉಚಿತ ಪ್ಲಾನ್ ತಗೊಂಡೆವು, ಅಂದರೆ ರಿಯಾಯಿತಿ ಬಿಟ್ಟು ನಮ್ಮ ಕೈಯಿಂದ ಏನೂ ಕಟ್ಟಬೇಕಿಲ್ಲದ್ದು. ಮೊಬೈಲ್ ಪ್ಲಾನಿನಲ್ಲಿ ಕನಿಷ್ಠ 1,000 ನಿಮಿಷ ಮಾತು, ಡೇಟಾ ಇದ್ದರೆ ಕನಿಷ್ಠ 4.5 ಜಿಬಿ ಕೊಡಬೇಕು ಅಂತ ನಿಯಮ. ಮಾತಿಗೆ ಯಾವತ್ತೂ ಕೊರತೆಯಾಗಿಲ್ಲ. ಡೇಟಾ ಮಾತ್ರ ಸಾಲದು. ಮಕ್ಕಳ ಸ್ಕೂಲಿನ ವಿಡಿಯೋ, ಸರ್ಕಾರಿ ವೆಬ್‌ಸೈಟು, ದಾಖಲೆ ಅಪ್‌ಲೋಡು ಅಂತ ತಿಂಗಳು ಮುಗಿಯೋ ಮೊದಲೇ ಖಾಲಿ. ಕಂಪನಿ ಕೊಟ್ಟ ಹ್ಯಾಂಡ್‌ಸೆಟ್ಟಿನ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಬ್ಯಾಟರಿ ನಿಲ್ಲುವುದಿಲ್ಲ, ಫೋಟೋ ಮಸುಕು. ಲೈಫ್‌ಲೈನ್ ದುಡ್ಡು ಕೊಡೋದು ಸೇವೆಗೆ ಮಾತ್ರ. ಫೋನು ಕಂಪನಿಯ ಇಷ್ಟ. ನಿಮ್ಮ ಹತ್ತಿರ ಹೊಂದುವ ಫೋನ್ ಇದ್ದರೆ ಸಿಮ್ ಮಾತ್ರ ಕೇಳಿ.

ಊರಿಗೆ ವಾಟ್ಸಾಪಲ್ಲಿ ಮಾತಾಡುವ ನಮ್ಮಂಥವರು ಒಂದು ವಿಷಯ ಗಮನಿಸಬೇಕು. ಉಚಿತ ಪ್ಲಾನನ್ನು 30 ದಿನದಲ್ಲಿ ಒಮ್ಮೆಯಾದರೂ ಬಳಸಬೇಕು. ಇಲ್ಲದಿದ್ದರೆ ನೋಟಿಸ್ ಬರುತ್ತದೆ, ಆಮೇಲೆ 15 ದಿನದೊಳಗೂ ಬಳಸದಿದ್ದರೆ ಸೇವೆ ಬಂದ್. ಮನೆಯ ವೈಫೈನಲ್ಲಿ ಗಂಟೆಗಟ್ಟಲೆ ವಾಟ್ಸಾಪ್ ಮಾತಾಡಿದರೂ ಅದು ಲೆಕ್ಕಕ್ಕಿಲ್ಲ. ಆ ಸಿಮ್‌ನಿಂದಲೇ ಒಂದು ಕರೆ ಹೋಗಬೇಕು, ಅಥವಾ ಒಂದು ಮೆಸೇಜ್ ಕಳಿಸಬೇಕು, ಅಥವಾ ಅದರ ಡೇಟಾ ಬಳಸಬೇಕು. ಮೆಸೇಜ್ ಸುಮ್ನೆ ಬಂದು ಬಿದ್ದರೆ ಸಾಲದು. ನಮ್ಮತ್ತೆಯ ಹತ್ತಿರ ಇದ್ದ ಫೋನಿಂದ ತಿಂಗಳ ಮೊದಲ ದಿನ ನನಗೊಂದು ಕರೆ ಮಾಡಿಸುವುದನ್ನು ರೂಢಿ ಮಾಡಿಕೊಂಡೆವು.

ವರ್ಷಕ್ಕೊಮ್ಮೆ ಬರುವ ಮರುದೃಢೀಕರಣವೇ, ಅಂದರೆ ಅರ್ಹತೆ ಇನ್ನೂ ಇದೆಯಾ ಅಂತ ನೋಡುವುದೇ, ಇದರ ನಿಜವಾದ ಕಷ್ಟ. ಮೊದಲು ಅವರೇ ದಾಖಲೆಗಳಲ್ಲಿ ಹುಡುಕುತ್ತಾರೆ. ಅಲ್ಲಿ ಸಿಕ್ಕರೆ ನೀವು ಏನೂ ಮಾಡಬೇಕಿಲ್ಲ. ಸಿಗದಿದ್ದರೆ ಪತ್ರ ಬರುತ್ತದೆ, ಉತ್ತರ ಕೊಡಲು 60 ದಿನ. ಆ ಪತ್ರ ನೋಡೋಕೆ ಕ್ರೆಡಿಟ್ ಕಾರ್ಡ್ ಜಾಹೀರಾತಿನ ಕವರಿನ ಹಾಗೇ ಇರುತ್ತದೆ. ಮನೆ ಬದಲಿಸಿದವರಿಗೆ ಅದು ತಲುಪುವುದೇ ಇಲ್ಲ, ಬಡವರು ಮನೆ ಬದಲಿಸುವುದೇ ಜಾಸ್ತಿ. ಉತ್ತರ ಹೋಗದಿದ್ದರೆ ರಿಯಾಯಿತಿ ರದ್ದು, ಅರ್ಹತೆ ಇದ್ದರೂ ರದ್ದು. ನಮ್ಮ ಪರಿಚಯದ ಒಬ್ಬ ಹಿರಿಯರಿಗೆ ಹೀಗೇ ಆಯಿತು. ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನಿನವರು ಕರೆ ಮಾಡುತ್ತಿದ್ದುದು ಆ ನಂಬರಿಗೇ. ನನಗೆ ಈಗಲೂ ಸಿಟ್ಟು ಬರೋದು ಇದಕ್ಕೆ. ನಾನು 1 ಅಂಕ ಕಳೆದದ್ದೂ ಇದಕ್ಕೇ. ವಿಳಾಸ ಬದಲಾದ ಕೂಡಲೇ ಕಂಪನಿಗೆ ತಿಳಿಸಿ.

ಕೋವಿಡ್ ನಂತರ ಎಸಿಪಿ ಅಂತ ಇನ್ನೊಂದು ಯೋಜನೆ ಬಂದಿತ್ತು. ತಿಂಗಳಿಗೆ 30 ಡಾಲರ್ ಇಂಟರ್‌ನೆಟ್ ರಿಯಾಯಿತಿ, ಲೈಫ್‌ಲೈನ್ ಜೊತೆಗೇ ತಗೋಬಹುದಿತ್ತು. ಆಗ ಮನೆಗೆ ಸರಿಯಾದ ಇಂಟರ್‌ನೆಟ್ ಬಂತು, ಮಕ್ಕಳು ಲೈಬ್ರರಿ ಪಾರ್ಕಿಂಗಲ್ಲಿ ಕೂತು ಹೋಮ್‌ವರ್ಕ್ ಮಾಡೋದು ತಪ್ಪಿತು. ಸಂಸತ್ತು ಮತ್ತೆ ಹಣ ಕೊಡಲಿಲ್ಲ, 2024ರ ಜೂನ್ 1ಕ್ಕೆ ಅದು ನಿಂತುಹೋಯಿತು. 2 ಕೋಟಿ 30 ಲಕ್ಷದಷ್ಟು ಮನೆಗಳು ಅದರಲ್ಲಿದ್ದವು. ಅದನ್ನು ನೋಡಿದವರಿಗೆ 9.25 ಎಷ್ಟು ಕಮ್ಮಿ ಅಂತ ಚೆನ್ನಾಗಿ ಗೊತ್ತು. ಈ ಮೊತ್ತ ಏರಲೇಬೇಕು.

ಅಂಗಡಿ ಮುಂದೆ ಟೆಂಟ್ ಹಾಕಿಕೊಂಡು "ಉಚಿತ ಫೋನ್" ಅನ್ನುವ ಏಜೆಂಟರ ಹತ್ತಿರ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರಿಂದ ನನ್ನ ಈಗಿನ ಲೈಫ್‌ಲೈನ್ ನಿಮ್ಮ ಕಂಪನಿಗೆ ವರ್ಗವಾಗುತ್ತದಾ? ಕಂಪನಿ ಬದಲಿಸುವ ಹಕ್ಕು ನಿಮಗಿದೆ, ಆದರೆ ಅದು ನಿಮಗೆ ಗೊತ್ತಿದ್ದು ಆಗಬೇಕು.

ಮನೆಯಲ್ಲಿ ಹಿಂಸೆ ಅನುಭವಿಸಿ ಹೊರಬಂದವರಿಗೆ 2022ರ ಸೇಫ್ ಕನೆಕ್ಷನ್ಸ್ ಕಾಯ್ದೆಯಡಿ ಬೇರೆ ದಾರಿಯೂ ಇದೆ. ಗಂಡನ ಫ್ಯಾಮಿಲಿ ಪ್ಲಾನಿನಿಂದ ತಮ್ಮ ಲೈನನ್ನು ಬೇರೆ ಮಾಡಿಕೊಡಿ ಅಂತ ಫೋನ್ ಕಂಪನಿಯನ್ನು ಕೇಳಬಹುದು. ಹಣದ ಕಷ್ಟ ಇದ್ದರೆ ಆರು ತಿಂಗಳವರೆಗೆ ಲೈಫ್‌ಲೈನ್ ಕೂಡ ಸಿಗುತ್ತದೆ.