ಹೋಟೆಲ್ ರೂಮಿನ ಲಾಕರ್‌ನಲ್ಲಿ ಒಡವೆ ಇಡುವ ಮುನ್ನ

ಮದುವೆ ಸೀಸನ್ ಬಂತೆಂದರೆ ಈ ದೂರು ತಪ್ಪದೆ ಬರುತ್ತದೆ. ಪರಊರಿನಿಂದ ಬಂದ ಕುಟುಂಬ ಹೋಟೆಲ್‌ನಲ್ಲಿ ಇಳಿದಿರುತ್ತದೆ. ಆರತಕ್ಷತೆಗೆ ಹಾಕಿಕೊಂಡಿದ್ದ ನೆಕ್ಲೇಸು, ಬಳೆ, ಜೊತೆಗೆ ಮುಯ್ಯಿ ಕವರುಗಳನ್ನು ರಾತ್ರಿ ವಾರ್ಡ್‌ರೋಬಿನೊಳಗಿನ ಲಾಕರ್‌ಗೆ ಹಾಕಿ, ನಾಲ್ಕಂಕಿಯ ಕೋಡ್ ಒತ್ತಿ ಮಲಗುತ್ತಾರೆ. ಮುಹೂರ್ತ ಬೇಗ ಇದೆಯೆಂದು ಬೆಳಗ್ಗೆ ಐದಕ್ಕೇ ಎಲ್ಲರೂ ಛತ್ರದ ಕಡೆ. ಮಧ್ಯಾಹ್ನ ಊಟ ಮುಗಿಸಿ ಬಂದು ಕೋಡ್ ಒತ್ತಿದರೆ ಲಾಕರ್ ಕೀಂಯ್ ಎನ್ನುತ್ತದೆ, ತೆರೆಯುವುದಿಲ್ಲ. ರಿಸೆಪ್ಷನ್‌ಗೆ ಫೋನ್ ಮಾಡಿದರೆ ಒಬ್ಬ ಹುಡುಗ ಬಂದು, ಬೆನ್ನು ಅಡ್ಡ ಮಾಡಿ ಅದೇನೋ ಒತ್ತಿ, ಹತ್ತು ಸೆಕೆಂಡಿನಲ್ಲಿ ತೆರೆದುಕೊಡುತ್ತಾನೆ. ಕವರುಗಳು ಇವೆ, ಬಳೆ ಇಲ್ಲ. ಎಲ್ಲೂ ಮುರಿದಿಲ್ಲ, ಒಂದು ಗೀರೂ ಇಲ್ಲ. ಆಮೇಲೆ ಮ್ಯಾನೇಜರ್ ಬಂದು ಕೇಳುವ ಮೊದಲ ಮಾತು: "ಒಳಗೆ ಇಟ್ಟಿದ್ದು ಗ್ಯಾರಂಟಿನಾ ಸಾರ್? ಮನೆಯವರನ್ನೆಲ್ಲ ವಿಚಾರಿಸಿದ್ರಾ?" ಅಲ್ಲಿಂದ ಮದುವೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ಶುರು.

ಆ ಹುಡುಗ ಹತ್ತು ಸೆಕೆಂಡಿನಲ್ಲಿ ತೆರೆದನಲ್ಲ, ಅಲ್ಲೇ ಎಲ್ಲ ಉತ್ತರವೂ ಇದೆ. ರೂಮಿನ ಎಲೆಕ್ಟ್ರಾನಿಕ್ ಲಾಕರ್‌ಗೆ ಎರಡು ಕೋಡ್. ಒಂದು ನೀವು ಇಟ್ಟದ್ದು, ಇನ್ನೊಂದು ಹೋಟೆಲಿನವರ ಮಾಸ್ಟರ್ ಕೋಡ್. ಅತಿಥಿಗಳು ಕೋಡ್ ಮರೆಯುತ್ತಾರೆ, ಲಾಕ್ ಮಾಡಿಟ್ಟೇ ಚೆಕ್‌ಔಟ್ ಮಾಡಿ ಹೋಗಿಬಿಡುತ್ತಾರೆ, ಹಾಗಾಗಿ ಮಾಸ್ಟರ್ ಕೋಡ್ ಇರಲೇಬೇಕು. ಅದನ್ನು ಕಾಪಾಡುವ ರೀತಿಯೇ ಹುಳುಕು. ಅಗ್ಗದ ಮಾಡೆಲ್‌ಗಳು ಕಾರ್ಖಾನೆಯಿಂದ ಬರುವಾಗ 000000, 999999 ಥರದ ಕೋಡ್ ಹೊತ್ತು ಬರುತ್ತವೆ. ಅಳವಡಿಸಿದ ದಿನವೇ ಬದಲಿಸಿ ಎಂದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಅದನ್ನು ಓದುವವರು ಯಾರು? ಬದಲಿಸಿದ ಕಡೆಯೂ ಎಲ್ಲ ರೂಮಿಗೂ ಒಂದೇ ಕೋಡ್ ಇಟ್ಟಿರುತ್ತಾರೆ, ಕೆಲಸ ಬಿಟ್ಟು ಹೋದವರಿಗೂ ಅದು ಬಾಯಿಪಾಠ. ಇದು ಸಾಲದೆಂಬಂತೆ, ಬ್ಯಾಟರಿ ಸತ್ತಾಗ ತೆರೆಯಲೆಂದು ಹಲವು ಲಾಕರ್‌ಗಳಲ್ಲಿ ಕಂಪನಿಯ ಹೆಸರಿನ ಪಟ್ಟಿಯ ಹಿಂದೆ ತುರ್ತು ಕೀಲಿಯ ರಂಧ್ರವೂ ಇರುತ್ತದೆ.

ಮಾಸ್ಟರ್ ಕೋಡ್‌ನಿಂದ ತೆರೆದರೆ ಹಲವು ಮಾಡೆಲ್‌ಗಳಲ್ಲಿ ಅತಿಥಿಯ ಕೋಡ್ ಅಳಿಸಿಹೋಗುತ್ತದೆ. ಮತ್ತೆ ಮುಚ್ಚಲು ಕದ್ದವನು ತನ್ನದೇ ಒಂದು ಕೋಡ್ ಒತ್ತಬೇಕು. ಹಾಗಾಗಿ ನಿಮ್ಮ ಕೋಡ್ ಇದ್ದಕ್ಕಿದ್ದಂತೆ ಕೆಲಸ ಮಾಡದೆ ಹೋದರೆ ಅದನ್ನು ಸುಳಿವು ಎಂದೇ ತಿಳಿಯಿರಿ. ಬ್ಯಾಟರಿ ಕುಸಿದಿರಬಹುದು, ನೀವೇ ತಪ್ಪಾಗಿ ಒತ್ತಿರಬಹುದು, ಮೂರ್ನಾಲ್ಕು ಸಲ ತಪ್ಪಿದ್ದಕ್ಕೆ ಲಾಕರ್ ಕೆಲ ನಿಮಿಷ ಮುಷ್ಕರ ಹೂಡಿರಬಹುದು. ಹದಿನೈದು ನಿಮಿಷ ಬಿಟ್ಟು ನಿಧಾನಕ್ಕೆ ಇನ್ನೊಮ್ಮೆ ಒತ್ತಿ ನೋಡಿ. ಆಗಲೂ ಆಗದಿದ್ದರೆ, ಬಂದ ಸಿಬ್ಬಂದಿಗೆ ಕೈ ಹಾಕಲು ಬಿಡುವ ಮುನ್ನ ಫೋನ್‌ನಲ್ಲಿ ವಿಡಿಯೋ ಶುರು ಮಾಡಿ, ಮ್ಯಾನೇಜರ್ ಎದುರಿಗಿರಲಿ. ಒಳ್ಳೆಯ ಲಾಕರ್‌ಗಳು ತೆರೆದ ಸಮಯ ಮತ್ತು ಯಾವ ಕೋಡ್‌ನಿಂದ ತೆರೆದದ್ದು ಎಂಬ ಲಾಗ್ ಇಟ್ಟುಕೊಂಡಿರುತ್ತವೆ. ಮೊದಲು ಅದನ್ನು ಓದಿ ತೋರಿಸಿ ಎಂದು ಕೇಳಿ. ಲಾಗ್ ಇಲ್ಲದ ಮಾಡೆಲ್ ಎಂದರೆ, ಅದನ್ನೂ ವಿಡಿಯೋದಲ್ಲಿ ಅವರ ಬಾಯಿಂದಲೇ ಹೇಳಿಸಿ.

ಇಷ್ಟಾದ ಮೇಲೂ ಆ ಲಾಕರನ್ನೇ ಬಳಸಬೇಕಾಗಿ ಬಂದರೆ, ರೂಮಿಗೆ ಕಾಲಿಟ್ಟ ತಕ್ಷಣ ಖಾಲಿ ಇರುವಾಗಲೇ ಪರೀಕ್ಷಿಸಿ. ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ. ಹಿಂಬದಿಗೋ ತಳಕ್ಕೋ ಬೋಲ್ಟ್ ಹಾಕಿದ್ದರೆ ಮಿಸುಕುವುದಿಲ್ಲ. ಮುಂದಕ್ಕೆ ಜಾರಿ ಬಂದರೆ ಅದನ್ನು ಪೆಟ್ಟಿಗೆ ಸಮೇತ ಟ್ರಾಲಿ ಬ್ಯಾಗಿಗೆ ಹಾಕಿಕೊಂಡು ಲಿಫ್ಟ್‌ನಲ್ಲಿ ಇಳಿಯಬಹುದು, ಹಾಗೆ ಹೋದದ್ದೂ ಉಂಟು. ಮುಂದೆ, ನಿಮ್ಮದೊಂದು ಕೋಡ್ ಹಾಕಿ ಮುಚ್ಚಿ. ನಂತರ 000000, 999999, 888888, 111111, 123456 ಒಂದೊಂದಾಗಿ ಒತ್ತಿ ನೋಡಿ, ನಡುವೆ ಲಾಕರ್ ಮುಷ್ಕರ ಹೂಡಿದರೆ ಕೆಲ ನಿಮಿಷ ಕಾದು ಮುಂದುವರಿಸಿ. ಒಂದಕ್ಕಾದರೂ ಬಾಗಿಲು ತೆರೆದರೆ ರಿಸೆಪ್ಷನ್‌ಗೆ ತಿಳಿಸಿ, ಅದರೊಳಗೆ ಚಾರ್ಜರ್‌ಗಿಂತ ಬೆಲೆಯ ವಸ್ತು ಇಡಬೇಡಿ. ಯಾವುದಕ್ಕೂ ತೆರೆಯದಿದ್ದರೆ ಲಾಕರ್ ಭದ್ರ ಎಂದೇನಲ್ಲ, ಬಹಳ ಸೋಮಾರಿ ಕಳ್ಳನಿಂದ ಪಾರಾಗಿದ್ದೀರಿ ಅಷ್ಟೇ. ನಿಮ್ಮ ಕೋಡ್ ರೂಮ್ ನಂಬರ್, ಹುಟ್ಟಿದ ಇಸವಿ ಆಗಿರಬಾರದು. ಕೀಪ್ಯಾಡನ್ನು ಕರ್ಚೀಫಿನಿಂದ ಒರೆಸಿ. ಎಣ್ಣೆ ಕೈಯ ಗುರುತು ನಾಲ್ಕೇ ಗುಂಡಿಗಳ ಮೇಲೆ ಕೂತಿದ್ದರೆ ಉಳಿಯುವುದು 24 ಜೋಡಣೆ ಮಾತ್ರ.

ಲಾಕರ್‌ಗಿಂತ ಮೊದಲು ಬಾಗಿಲಿದೆ ಎನ್ನುತ್ತೀರಾ? ಕೀ ಕಾರ್ಡ್ ಬಾಗಿಲಿನ ಕಥೆಯೂ ಅಷ್ಟಕ್ಕಷ್ಟೇ. 2003ರಲ್ಲಿ ಬರ್ಲಿನ್‌ನಲ್ಲಿ ಕಂಪ್ಯೂಟರ್ ಭದ್ರತೆಯದೇ ಒಂದು ಸಮ್ಮೇಳನಕ್ಕೆ ಬಂದಿದ್ದವರೊಬ್ಬರ ಲ್ಯಾಪ್‌ಟಾಪ್ ಹೋಟೆಲ್ ರೂಮಿನಿಂದ ಕಾಣೆಯಾಯಿತು. ಬಾಗಿಲು ಮುರಿದಿಲ್ಲ, ಲಾಗ್‌ನಲ್ಲೂ ಏನಿಲ್ಲ ಎಂದು ಹೋಟೆಲಿನವರು ಕೈ ತೊಳೆದುಕೊಂಡರು. ಅವರ ಸಹೋದ್ಯೋಗಿಗಳು, ಫಿನ್ಲೆಂಡಿನ ಎಫ್-ಸೆಕ್ಯೂರ್ ಸಂಸ್ಥೆಯವರು, ಆ ಬೀಗದ ಬೆನ್ನು ಹತ್ತಿ 2018ರಲ್ಲಿ ತೋರಿಸಿಕೊಟ್ಟದ್ದು ಇದು: ಆ ಹೋಟೆಲಿನ ಯಾವುದೇ ಹಳೆಯ, ಅವಧಿ ಮುಗಿದ ಕಾರ್ಡ್ ಸಿಕ್ಕರೂ ಸಾಕು, ಇಡೀ ಕಟ್ಟಡದ ಮಾಸ್ಟರ್ ಕೀ ತಯಾರಿಸಬಹುದು. 2024ರ ಮಾರ್ಚ್‌ನಲ್ಲಿ ಬೇರೊಂದು ತಂಡ ಸ್ಯಾಫ್‌ಲಾಕ್ ಎಂಬ ಬ್ರ್ಯಾಂಡಿನ ಕಾರ್ಡ್ ಬೀಗಗಳಲ್ಲೂ ಅಂಥದ್ದೇ ದೋಷ ಬಯಲು ಮಾಡಿತು. 131 ದೇಶಗಳ ಸುಮಾರು 13,000 ಕಟ್ಟಡಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಬಾಗಿಲು. ಆಗ ಅದರಲ್ಲಿ ದುರಸ್ತಿಯಾಗಿದ್ದದ್ದು 36 ಶೇಕಡಾ. ಒಳಗಿನಿಂದ ತಿರುಗಿಸುವ ಡೆಡ್‌ಬೋಲ್ಟನ್ನೂ ಆ ನಕಲಿ ಕಾರ್ಡ್ ಹಿಂದಕ್ಕೆ ಸರಿಸುತ್ತಿತ್ತು. ತಡೆಯುವುದು ಕೈಯಿಂದ ಹಾಕುವ ಸರಪಳಿ, ಅಗಳಿ ಮಾತ್ರ. ಅದೂ ನೀವು ಒಳಗಿರುವಾಗ. ಹೊರಗೆ ಹೋದಾಗ ಬಾಗಿಲಿಗೆ ಇರುವುದು ಕಾರ್ಡ್ ಬೀಗ ಒಂದೇ.

ಆದರೆ ನಮ್ಮೂರಿನ ಕಳ್ಳನಿಗೆ ಇಷ್ಟೆಲ್ಲ ವಿದ್ಯೆ ಬೇಕಿಲ್ಲ. ಬೆಳಗ್ಗೆ ಹತ್ತರಿಂದ ಹನ್ನೆರಡರ ನಡುವೆ ಯಾವುದೇ ಹೋಟೆಲಿನ ಕಾರಿಡಾರ್ ನೋಡಿ. ಟ್ರಾಲಿ ಅಡ್ಡ ನಿಲ್ಲಿಸಿ, ಬಾಗಿಲು ಹಾರು ಹೊಡೆದು, ಕ್ಲೀನಿಂಗ್ ನಡೆದಿರುತ್ತದೆ. ಇಸ್ತ್ರಿ ಬಟ್ಟೆಯ ಒಬ್ಬಾತ ಫೋನ್‌ನಲ್ಲಿ ಮಾತಾಡುತ್ತಲೇ ಒಳಗೆ ಬಂದು, "ಎರಡು ನಿಮಿಷ ಬಿಟ್ಟು ಬಾಮ್ಮ" ಎಂದರೆ ಹೌಸ್‌ಕೀಪಿಂಗ್ ಹೆಣ್ಣುಮಗಳು ಹೊರಗೆ ಹೋಗಿಬಿಡುತ್ತಾಳೆ. ಸಾಹೇಬರನ್ನು ನಿಮ್ಮ ಕಾರ್ಡ್ ತೋರಿಸಿ ಎಂದು ಕೇಳುವ ಧೈರ್ಯ ಅವಳಿಗೆಲ್ಲಿ ಬರಬೇಕು? ಕೆಲಸ ಹೋಗುವ ಭಯ. ಬಂದವರು ಬಾಗಿಲು ಹಾಕಿ ತಮ್ಮ ಕಾರ್ಡ್‌ನಿಂದ ತೆರೆದು ತೋರಿಸಬೇಕೆಂಬ ನಿಯಮ ಒಳ್ಳೆಯ ಹೋಟೆಲ್‌ಗಳಲ್ಲಿದೆ, ಅದನ್ನು ಪಾಲಿಸುವವಳ ಮೇಲೆ ರೇಗಬೇಡಿ. ನೀವು ಮಾಡಬೇಕಾದ್ದು: ನೀವು ರೂಮಿನಲ್ಲೇ ಇರುವ ಹೊತ್ತಿಗೆ ಕ್ಲೀನಿಂಗ್ ಹೇಳಿ, ಹೊರಗೆ ಹೋಗುವಾಗ 'ಡು ನಾಟ್ ಡಿಸ್ಟರ್ಬ್' ನೇತುಹಾಕಿ. 'ರೂಮ್ ಕ್ಲೀನ್ ಮಾಡಿ' ಎಂಬ ಬೋರ್ಡ್ ನೇತುಹಾಕಿ ಹೋಗುವುದೆಂದರೆ ಒಳಗೆ ಯಾರೂ ಇಲ್ಲ ಎಂದು ಬರೆದು ಅಂಟಿಸಿದ ಹಾಗೆ. ಪಕ್ಕದ ರೂಮಿಗೆ ನಡುಬಾಗಿಲು ಇದ್ದರೆ ಅದರ ಚಿಲಕವನ್ನೂ ನೋಡಿ.

ಸೂಟ್‌ಕೇಸಿಗೆ ಬೀಗ ಹಾಕಿ ಹೋದರೆ ಸಾಕಲ್ಲ ಎಂಬುದು ಇನ್ನೊಂದು ಭ್ರಮೆ. ಸಾಮಾನ್ಯ ಜಿಪ್ ಇರುವ ಯಾವ ಸೂಟ್‌ಕೇಸೂ ಬಾಲ್‌ಪೆನ್ನಿನ ತುದಿಗೆ ಬಾಯಿ ಬಿಡುತ್ತದೆ. ಪೆನ್ನು ಚುಚ್ಚಿ ಎಳೆದರೆ ಹಲ್ಲು ಬಿಚ್ಚಿಕೊಳ್ಳುತ್ತದೆ. ಬೇಕಾದ್ದು ತೆಗೆದ ಮೇಲೆ ಬೀಗ ಹಾಕಿದ ಎರಡೂ ರನ್ನರ್‌ಗಳನ್ನು ಒಟ್ಟಿಗೆ ಒಂದು ಸುತ್ತು ಎಳೆದರೆ ಜಿಪ್ ಮೊದಲಿನಂತೆ ಕೂಡಿಕೊಳ್ಳುತ್ತದೆ. ಬೀಗ ಇದ್ದ ಹಾಗೇ ಇರುತ್ತದೆ. ತಪ್ಪಿಸಲು ಸುಲಭದ ದಾರಿ, ರನ್ನರ್‌ಗಳನ್ನು ಸೂಟ್‌ಕೇಸಿನ ಹಿಡಿಕೆಗೋ ಬದಿಯ ಕೊಂಡಿಗೋ ಸೇರಿಸಿ ಬೀಗ ಹಾಕುವುದು. ಆಗ ಅವು ಸುತ್ತು ಹಾಕಲಾರವು, ಜಿಪ್ ಬಿಚ್ಚಿದ್ದು ಎದ್ದು ಕಾಣುತ್ತದೆ. ಕಳ್ಳತನ ತಪ್ಪದಿದ್ದರೂ ಎಲ್ಲಿ, ಯಾವಾಗ ಆಯಿತೆಂದು ಗೊತ್ತಾಗುತ್ತದೆ. ಇನ್ನು ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯವರು ತೆರೆಯಲೆಂದೇ ಮಾಡಿದ, ಟಿಎಸ್‌ಎ ಗುರುತಿನ ಬೀಗಗಳ ಮಾಸ್ಟರ್ ಕೀಲಿಯ ಅಚ್ಚು 2015ರಿಂದ ಇಂಟರ್ನೆಟ್‌ನಲ್ಲೇ ಬಿದ್ದಿದೆ.

ಯಾತ್ರೆಯ ಊರುಗಳ ಲಾಡ್ಜ್‌ಗಳಲ್ಲಿ, ಛತ್ರದ ರೂಮುಗಳಲ್ಲಿ ಇನ್ನೂ ಚಿಲಕ–ಬೀಗದ ಪದ್ಧತಿ. ಅಲ್ಲಿ ಅವರು ಕೊಡುವ ಬೀಗವನ್ನು ಪಕ್ಕಕ್ಕಿಡಿ, ಅದರ ಡುಪ್ಲಿಕೇಟ್ ಯಾರ ಯಾರ ಜೇಬಿನಲ್ಲಿದೆಯೋ. ನಿಮ್ಮದೇ ಹಿತ್ತಾಳೆ ಬೀಗ ಒಯ್ಯಿರಿ. ಲಾಡ್ಜಿನ ಕೊಂಡಿಗಳ ತೂತು ಸಣ್ಣದು, ತೀರಾ ದಪ್ಪ ಕೊಕ್ಕೆಯ ಬೀಗ ಒಳಗೆ ಹೋಗುವುದಿಲ್ಲ, 50 ಮಿ.ಮೀ. ಅಗಲದ ಬೀಗ ಸಾಮಾನ್ಯವಾಗಿ ಹೊಂದುತ್ತದೆ. ಬೀಗ ಹಾಕುವ ಮುನ್ನ ಚಿಲಕವನ್ನೇ ಹತ್ತಿರದಿಂದ ನೋಡಿ. ಬಾಗಿಲು ಮುಚ್ಚಿದ ಮೇಲೂ ಚಿಲಕದ ಪಟ್ಟಿಯ ಸ್ಕ್ರೂ ತಲೆಗಳು ಹೊರಗೆ ಕಾಣುತ್ತಿದ್ದರೆ, ಬೀಗ ಮುಟ್ಟದೆಯೇ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ಹೋಗಬಹುದು, ವಾಪಸ್ ಬಿಗಿದು ಹೋಗಲೂಬಹುದು. ಸ್ಕ್ರೂ ತಲೆಯ ಗೀಟಿನಲ್ಲಿ ಬಣ್ಣ ಕಿತ್ತು ಹೊಳೆಯುತ್ತಿದ್ದರೆ ಯಾರೋ ಆ ಕೆಲಸ ಆಗಲೇ ಮಾಡಿದ್ದಾರೆ. ಬೇರೆ ರೂಮ್ ಕೇಳಿ.

ಹಾಗಾದರೆ ಒಡವೆ ಎಲ್ಲಿಡುವುದು? ಮೊದಲ ಆಯ್ಕೆ, ತರದೇ ಇರುವುದು. ತರಲೇಬೇಕಿದ್ದರೆ ರಿಸೆಪ್ಷನ್‌ನ ಸೇಫ್ ಡಿಪಾಸಿಟ್‌ನಲ್ಲಿ, ರಸೀದಿ ಪಡೆದು. ರಸೀದಿಯಲ್ಲಿ 'ಒಂದು ಪ್ಯಾಕೆಟ್' ಎಂದು ಬರೆದರೆ ಅದಕ್ಕೆ ಬೆಲೆ ಇಲ್ಲ. ಎಷ್ಟು ವಸ್ತು, ಪ್ರತಿಯೊಂದರ ಗ್ರಾಂ ತೂಕ, ಇಟ್ಟ ದಿನಾಂಕ–ಸಮಯ, ತೆಗೆದುಕೊಂಡವರ ಹೆಸರು, ಸಹಿ, ಹೋಟೆಲಿನ ಮೊಹರು ಇರಬೇಕು. ಅವರ ಎದುರೇ ಲಕೋಟೆಗೆ ಹಾಕಿ ಅಂಟಿಸಿ, ಅರ್ಧ ಮಡಿಕೆಯ ಮೇಲೆ ಅರ್ಧ ಲಕೋಟೆಯ ಮೇಲೆ ಬರುವಂತೆ ಅಂಟಿನ ಜಾಗದಲ್ಲಿ ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ. ಸಣ್ಣ ಹೋಟೆಲ್‌ಗಳು ಈ ಜವಾಬ್ದಾರಿ ಬೇಡ ಎನ್ನುತ್ತವೆ. ಹಾಗೆ ಬಾಯಿಬಿಟ್ಟು ಹೇಳಿದವರು ಪ್ರಾಮಾಣಿಕರು. ಆಗ ಒಡವೆ ನಿಮ್ಮ ಮೈಮೇಲೆ, ಇಲ್ಲವೇ ನಂಬಿಕಸ್ಥ ಒಬ್ಬರ ಕೈಚೀಲದಲ್ಲಿ, ಚೀಲ ಕೆಳಗಿಡದಂತೆ.

ರಸೀದಿಗೆ ಇಷ್ಟು ಒತ್ತು ಯಾಕೆಂದರೆ ಕಾನೂನು ಅದರ ಮೇಲೆ ನಿಂತಿದೆ. ಬ್ಯಾಂಕಿನ ಲಾಕರ್‌ನಿಂದ ಕಳ್ಳತನವಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟು ಹೊಣೆ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಹೋಟೆಲ್ ರೂಮಿನ ಲಾಕರ್‌ಗೆ ಅಂಥ ನಿಯಮವಿಲ್ಲ. ಇನ್ನೊಬ್ಬರ ವಸ್ತುವನ್ನು ವಶದಲ್ಲಿಟ್ಟುಕೊಂಡವರ ಹೊಣೆ ಹೇಳುವ, 1872ರ ಕರಾರು ಕಾಯ್ದೆಯ 148ರಿಂದ ಮುಂದಿನ ಕಲಮುಗಳು ಅನ್ವಯಿಸಬೇಕಾದರೆ ವಸ್ತುವನ್ನು ನೀವು ಅವರ ವಶಕ್ಕೆ ಕೊಟ್ಟಿರಬೇಕು. 1998ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರ ವ್ಯಾಲೆಗೆ (ಕಾರು ನಿಲ್ಲಿಸಿಕೊಡುವ ಸಿಬ್ಬಂದಿಗೆ) ಕೀಲಿ ಕೊಟ್ಟ ಕಾರು ಕಳುವಾಗಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, 'ಮಾಲೀಕರದೇ ಜವಾಬ್ದಾರಿ' ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲ್ ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ಅಲ್ಲಿ ಗೆದ್ದದ್ದು ಕಾರು ಅವರ ಕೈಗೆ ಹೋಗಿತ್ತು ಎಂಬ ಅಂಶ. ರೂಮಿನ ಲಾಕರ್‌ಗೆ ನೀವೇ ಹಾಕಿ ನೀವೇ ಮುಚ್ಚಿದ ಬಳೆಯ ವಿಷಯದಲ್ಲಿ ವಶಕ್ಕೆ ಕೊಟ್ಟಿದ್ದೆ ಎಂದು ವಾದಿಸುವುದೇ ಕಷ್ಟ. ಬ್ರಿಟನ್ನಿಗೆ ಹೋಗುವವರಿಗೆ ಒಂದು ಮಾತು: ಅಲ್ಲಿ 1956ರ ಕಾಯ್ದೆಯ ಪ್ರಕಾರ ಸೂಚನಾ ಫಲಕ ಹಾಕಿದ ಹೋಟೆಲಿನ ಹೊಣೆ ಸಾಮಾನ್ಯವಾಗಿ ಒಂದು ವಸ್ತುವಿಗೆ 50 ಪೌಂಡ್, ಒಟ್ಟು 100 ಪೌಂಡ್‌ಗೆ ಮುಗಿಯುತ್ತದೆ. ಸುರಕ್ಷಿತವಾಗಿ ಇಡಿ ಎಂದು ಅವರ ಕೈಗೇ ಒಪ್ಪಿಸಿದ್ದಕ್ಕೆ ಈ ಮಿತಿ ಇಲ್ಲ.

ಹೊರಡುವ ಮುನ್ನ ಮನೆಯಲ್ಲೇ ಒಂದು ಕೆಲಸ ಮಾಡಿ. ಪ್ರತಿ ಒಡವೆಯ ಫೋಟೋ, ಬಿಲ್ಲು, ತೂಕ. 2023ರ ಏಪ್ರಿಲ್ 1ರ ನಂತರ ಹಾಲ್‌ಮಾರ್ಕ್ ಚಿನ್ನದ ಮೇಲೆ ಎಚ್‌ಯುಐಡಿ ಎಂಬ, ಪ್ರತಿ ಒಡವೆಗೂ ಬೇರೆಯೇ ಆದ ಆರು ಅಕ್ಷರ–ಅಂಕಿಗಳ ಗುರುತು ಇರುತ್ತದೆ, ಬಳೆಯ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಭೂತಗನ್ನಡಿ ಹಿಡಿದು ಬರೆದಿಟ್ಟುಕೊಳ್ಳಿ. ಸಿಕ್ಕಿದ ಮಾಲು ನಿಮ್ಮದೇ ಎಂದು ಗುರುತಿಸಲು 'ಹೂವಿನ ಡಿಸೈನ್ ಇತ್ತು' ಎಂಬುದಕ್ಕಿಂತ ಅದು ಬಹಳ ಗಟ್ಟಿ.

ಕಳುವಾಗಿಯೇ ಹೋದರೆ ರೂಮಿನಲ್ಲಿ ಹುಡುಕಾಡಿ ಎಲ್ಲ ಅಡಿಮೇಲು ಮಾಡಬೇಡಿ, ಲಾಕರ್ ಮುಟ್ಟಬೇಡಿ. 112ಕ್ಕೆ ಕರೆ ಮಾಡಿ. ಅವರು ಬರುವಷ್ಟರಲ್ಲಿ ಮ್ಯಾನೇಜರ್‌ಗೆ ಬರಹದಲ್ಲಿ (ವಾಟ್ಸ್‌ಆಪ್ ಆದರೂ ಸರಿ, ಇಮೇಲ್ ಇನ್ನೂ ಒಳ್ಳೆಯದು) ಮೂರು ಕೇಳಿಕೆ ಕಳಿಸಿ: ಬಾಗಿಲಿನ ಬೀಗದ ಲಾಗ್, ಲಾಕರ್ ಲಾಗ್, ಆ ಮಹಡಿಯ ಸಿಸಿಟಿವಿ ದೃಶ್ಯ ಅಳಿಸದಂತೆ ತೆಗೆದಿಡಬೇಕು. ಬೀಗದ ಲಾಗ್‌ನಲ್ಲಿ ಹೊಸ ದಾಖಲೆ ತುಂಬಿದಂತೆ ಹಳೆಯದು ಅಳಿಯುತ್ತದೆ, ಸಿಸಿಟಿವಿಯೂ ಕೆಲವು ವಾರಗಳಲ್ಲಿ ತನ್ನ ಮೇಲೆ ತಾನೇ ಬರೆದುಕೊಳ್ಳುತ್ತದೆ.

ಠಾಣೆಯಲ್ಲಿ ಒಂದು ಮಾತಿಗೆ ಮಾತ್ರ ಒಪ್ಪಬೇಡಿ: "ಸದ್ಯಕ್ಕೆ ಕಳೆದುಹೋಗಿದೆ ಅಂತ ಇ-ಲಾಸ್ಟ್‌ನಲ್ಲಿ ಹಾಕಿ." ಪೊಲೀಸರ ಆ ಆನ್‌ಲೈನ್ ಸೇವೆ ಇರುವುದು ಬಸ್ಸಿನಲ್ಲಿ ಬಿದ್ದುಹೋದ ಮಾರ್ಕ್ಸ್ ಕಾರ್ಡಿನಂಥವಕ್ಕೆ. ಕಳೆದುಕೊಂಡೆ ಎಂದು ನೀವೇ ಸಹಿ ಮಾಡಿದರೆ ತನಿಖೆಯೂ ಇಲ್ಲ, ವಿಮೆಯವರಿಗೂ ತಿರಸ್ಕರಿಸಲು ಕಾರಣ ಸಿಕ್ಕಿತು. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಕಳ್ಳತನ ಎಂದೇ ಎಫ್‌ಐಆರ್ ಆಗಬೇಕು. ಊರಿಗೆ ವಾಪಸಾಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಕೊಡಬಹುದು, ಪ್ರತಿ ಉಚಿತ. ಬರೆದುಕೊಳ್ಳಲು ಒಪ್ಪದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಲು ಅದೇ ಕಲಮಿನಲ್ಲಿ ದಾರಿಯಿದೆ. ಆದರೂ ಮಹಜರು ನಡೆಯಬೇಕಾದ್ದು ಆ ರೂಮಿನಲ್ಲೇ, ಸಾಧ್ಯವಾದರೆ ಅಲ್ಲೇ ದೂರು ಕೊಟ್ಟು ಹೊರಡಿ. ಫೋನ್ ಹೋಗಿದ್ದರೆ ಎಫ್‌ಐಆರ್ ಪ್ರತಿ ಇಟ್ಟುಕೊಂಡು ಕಳುವಾದ ಫೋನ್ ತಡೆಹಿಡಿಯಲೆಂದೇ ಇರುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಅದರ ಐಎಂಇಐ (ಫೋನಿನ ಗುರುತು ಸಂಖ್ಯೆ) ಬ್ಲಾಕ್ ಮಾಡಿಸಿ. ಹೊರದೇಶದಲ್ಲಿ ಪಾಸ್‌ಪೋರ್ಟ್ ಹೋಗಿದ್ದರೆ ಅಲ್ಲಿನ ಪೊಲೀಸ್ ವರದಿ ಹಿಡಿದು ಭಾರತೀಯ ರಾಯಭಾರ ಕಚೇರಿಗೆ ಹೋಗಿ, ವಾಪಸ್ ಬರಲು ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ. ಹೋಟೆಲ್ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶ ಇದೆ, ಸಹಾಯವಾಣಿ 1915. ರೂಮಿನ ಬಿಲ್ಲು ಅಲ್ಲಿಯವರೆಗೆ ಬಿಸಾಡಬೇಡಿ, ನೀವು ಅಲ್ಲಿ ಗ್ರಾಹಕರಾಗಿದ್ದಿರಿ ಎಂಬುದಕ್ಕೆ ಮೊದಲ ದಾಖಲೆ ಅದೇ.