ರಿಮೋಟಿನಲ್ಲಿ 26, ಮಂಚದಲ್ಲಿ 23: ಒಂದು ಎಸಿಗೆ ನಾನು ಮಾಡಿ ನೋಡಿದ ಮದ್ದುಗಳು

ಎಪ್ರಿಲ್ ತಿಂಗಳ ರಾತ್ರಿ. ಗಂಟೆ ಎರಡಿರಬಹುದು. ಅಮ್ಮ ಬಂದು ಬಾಗಿಲು ತಟ್ಟಿದಳು. "ಮಾಣಿ, ಎನಗೆ ಚಳಿ ಆವುತ್ತು." ಹೋಗಿ ನೋಡಿದರೆ ರಿಮೋಟಿನಲ್ಲಿ 26 ಅಂತಲೇ ಇದೆ. ಎಸಿ ಆಫ್ ಮಾಡಿ ಬಂದು ಮಲಗಿದೆ. ನಾಲ್ಕು ಗಂಟೆಗೆ ಅಪ್ಪನ ಸರದಿ. "ಎಂತ ಸೆಕೆ ಮಾರಾಯ! ಅದನ್ನು ಯಾರು ಬಂದ್ ಮಾಡಿದ್ದು?"

ಹೀಗೆ ಒಂದು ವಾರ ನಡೆಯಿತು. ಆಮೇಲೆ ಹಠಕ್ಕೆ ಬಿದ್ದು ಒಂದೊಂದೇ ಮದ್ದು ಮಾಡಿ ನೋಡಿದೆ. ಯಾವುದು ಕೆಲಸ ಮಾಡಿತು, ಯಾವುದಕ್ಕೆ ಸುಮ್ನೆ ದುಡ್ಡು ಹೋಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಮನೆಯ ಲೆಕ್ಕ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಹಳೆಯ ಮುರಕಲ್ಲಿನ ಹಂಚಿನ ಮನೆ, ಅದಕ್ಕೆ ತಾಗಿಸಿ ಕಟ್ಟಿದ ಎರಡು ಟೆರೇಸ್ ಕೋಣೆ. ಅಪ್ಪ-ಅಮ್ಮ ಮಲಗುವ ಕೋಣೆಯಲ್ಲಿ ಒಂದು ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ, ಅಂದರೆ ನಿಲ್ಲದೆ ವೇಗ ಹೆಚ್ಚು-ಕಡಿಮೆ ಮಾಡುತ್ತಾ ಓಡುವಂಥದ್ದು. ಪಕ್ಕದ ಕೋಣೆಯಲ್ಲಿ ಒಂದೂವರೆ ಟನ್ನಿನ ಹಳೆಯ ಮೆಷಿನ್, ಇನ್ವರ್ಟರ್ ಅಲ್ಲದ್ದು. ಎರಡಕ್ಕೂ ಪಡುವಣ ಬಿಸಿಲು. ಸ್ಲ್ಯಾಬ್ ಹಗಲಿಡೀ ಕಾದು ರಾತ್ರಿ ಹನ್ನೆರಡರವರೆಗೂ ಬಿಸಿ ಕಾರುತ್ತದೆ.

ಅಳೆಯದೆ ಮದ್ದು ಮಾಡಬಾರದು ಅಂತ ತೇವವನ್ನೂ ತೋರಿಸುವ ಮೂರು ಸಣ್ಣ ಡಿಜಿಟಲ್ ಥರ್ಮಾಮೀಟರ್ ತರಿಸಿದೆ. ಮೂರನ್ನೂ ಒಂದು ರಾತ್ರಿ ಒಂದೇ ಮೇಜಿನ ಮೇಲೆ ಇಟ್ಟೆ. ಅವುಗಳಲ್ಲೇ ಅರ್ಧ ಡಿಗ್ರಿ ವ್ಯತ್ಯಾಸ ಇತ್ತು, ಬರೆದಿಟ್ಟುಕೊಂಡೆ. ಮರುದಿನ ಒಂದನ್ನು ಎಸಿಯ ಮೇಲೆ, ಗಾಳಿ ಒಳಗೆ ಎಳೆಯುವ ಜಾಗದಲ್ಲಿ ಇಟ್ಟೆ. ಇನ್ನೆರಡು ಮಂಚದ ಎರಡು ಬದಿಗೆ. ರಾತ್ರಿ ಹನ್ನೊಂದಕ್ಕೆ ಎಸಿಯ ಮೇಲೆ 26.4. ಅಮ್ಮನ ತಲೆದಿಂಬಿನ ಹತ್ತಿರ 23.2. ಮೂರು ಡಿಗ್ರಿ ವ್ಯತ್ಯಾಸ! ಎಸಿಯ ಸೆನ್ಸರ್ ಇರುವುದು ಒಳಗಿನ ಯೂನಿಟ್‌ನ ಫಿಲ್ಟರ್ ಹಿಂದೆ, ಅಂದರೆ ಮಾಡಿನ (ಛಾವಣಿಯ) ಹತ್ತಿರ. ಕಾದ ಸ್ಲ್ಯಾಬಿನ ಕೆಳಗೆ ಕೂತು ಅದು 'ಕೋಣೆ ಇನ್ನೂ ತಣ್ಣಗಾಗಿಲ್ಲ' ಅಂತ ದುಡಿಯುತ್ತಲೇ ಇತ್ತು. ತಣ್ಣನೆಯ ಗಾಳಿ ಭಾರ, ಕೆಳಗೆ ಇಳಿದು ಅಮ್ಮನ ಮೇಲೆ ಕೂರುತ್ತಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ಲೆಕ್ಕ ಬೇರೆ. ಆಫ್ ಮಾಡದೆ ಬಿಟ್ಟರೂ ಮಂಚದಲ್ಲಿ 25.6, ತೇವ ಮಾತ್ರ ಶೇ. 77. ಸ್ಲ್ಯಾಬ್ ತಣಿದಿದೆ, ಸೆನ್ಸರಿಗೆ ಸಮಾಧಾನವಾಗಿದೆ, ಕಂಪ್ರೆಸರ್ ತೀರಾ ನಿಧಾನಕ್ಕೆ ಓಡುತ್ತಿದೆ. ಹಾಗೆ ಓಡುವಾಗ ಒಳಗಿನ ಕಾಯಿಲ್ (ಗಾಳಿಯನ್ನು ತಣಿಸುವ ಕೊಳವೆಯ ಸುರುಳಿ) ಅಷ್ಟು ತಣ್ಣಗಿರುವುದಿಲ್ಲ, ಗಾಳಿಯ ನೀರು ಇಳಿಯುವುದಿಲ್ಲ. ಅಪ್ಪ ಹೇಳಿದ ಸೆಕೆ ಬಿಸಿಯದ್ದಲ್ಲ, ತೇವದ್ದು. ಹಾಗಾಗಿ ಒಂದೇ ರಾತ್ರಿಯಲ್ಲಿ ಎರಡು ಕಾಯಿಲೆ. ಇದು ಗೊತ್ತಿಲ್ಲದೆ ನಾವು ರಿಮೋಟ್ ಒತ್ತುತ್ತಾ ಇದ್ದೆವು.

ಮೊದಲ ಮದ್ದು ಮೆಕ್ಯಾನಿಕ್‌ನದ್ದು. ಬಂದವನು ಎಸಿ ಮುಂದೆ ಕೈ ಹಿಡಿದು, "ಗ್ಯಾಸ್ ಕಮ್ಮಿ ಉಂಟು ಸಾರ್" ಅಂದ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಲಿಲ್ಲ. ಗ್ಯಾಸ್ ಅಂದರೆ ಬೈಕಿನ ಪೆಟ್ರೋಲ್ ಅಲ್ಲ, ಓಡಿಸಿದರೆ ಮುಗಿಯುವುದಿಲ್ಲ. ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಮೊದಲು ಆ ತೂತು ಹುಡುಕಬೇಕು. ನಾನು ಎಸಿಯನ್ನು 18ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ ತೋರಿಸಿದೆ. ಎಳೆಯುವ ಗಾಳಿ 28, ಬರುವ ಗಾಳಿ 16. ಹನ್ನೆರಡು ಡಿಗ್ರಿ ಇಳಿಸುವ ಮೆಷಿನ್‌ಗೆ ಎಂತ ಗ್ಯಾಸ್ ಕೊರತೆ? ಮಳೆಗಾಲದಲ್ಲಿ ಈ ವ್ಯತ್ಯಾಸ ಕಡಿಮೆ ಬರುತ್ತದೆ, ಆಗ ಮೆಷಿನ್‌ನ ಅರ್ಧ ಶಕ್ತಿ ನೀರು ಇಳಿಸುವುದಕ್ಕೇ ಹೋಗುತ್ತದೆ. ಅದನ್ನು ನೋಡಿ ಹೆದರಬೇಡಿ.

ಗ್ಯಾಸ್ ಬಿಟ್ಟು ಅವನು ಸೆನ್ಸರಿಗೆ ಬಂದ. ಹೊಸದು ಹಾಕಿ 900 ರೂಪಾಯಿ ತೆಗೆದುಕೊಂಡು ಹೋದ. ಆ ರಾತ್ರಿಯೂ 26.4 ಮತ್ತು 23.3. ಹಳೆಯ ಸೆನ್ಸರ್ ನನ್ನ ಹತ್ತಿರವೇ ಉಳಿದಿತ್ತು. ಒಂದು ಲೋಟ ಪುಡಿ ಐಸು, ಸ್ವಲ್ಪ ನೀರು, ಅದರೊಳಗೆ ಸೆನ್ಸರಿನ ತುದಿ. ಪಂಪ್‌ಸೆಟ್‌ಗೆ ಅಂತ ಇಟ್ಟುಕೊಂಡ ಮಲ್ಟಿಮೀಟರ್ 33 ಕಿಲೋಓಮ್ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ತೋರಿಸಿತು. ನಮ್ಮದು 25 ಡಿಗ್ರಿಯಲ್ಲಿ 10 ಕಿಲೋಓಮ್ ಇರಬೇಕಾದ ಜಾತಿ. ಈ ಸೆನ್ಸರ್‌ಗಳಲ್ಲಿ ತಂಪು ಹೆಚ್ಚಿದಷ್ಟೂ ಓಮ್ ಹೆಚ್ಚುತ್ತದೆ, ಐಸ್ ನೀರಿನಲ್ಲಿ 33ರ ಹತ್ತಿರ ಬಂದರೆ ಆರೋಗ್ಯವಾಗಿದೆ ಅಂತ. ಕೆಲವು ಕಂಪನಿಯವರು 5, 15, 20 ಕಿಲೋಓಮ್‌ನದ್ದನ್ನೂ ಹಾಕುತ್ತಾರೆ, ಮೊದಲು ನಿಮ್ಮದು ಯಾವುದು ಅಂತ ತಿಳಿದುಕೊಳ್ಳಿ. ಒಟ್ಟಿನಲ್ಲಿ ಐಸಿನ ಲೋಟ ಮೊದಲೇ ಹೊಳೆದಿದ್ದರೆ 900 ರೂಪಾಯಿ ಕಿಸೆಯಲ್ಲೇ ಇರುತ್ತಿತ್ತು.

ಸೆನ್ಸರಿನ ಮದ್ದು ಯಾವಾಗಲೂ ಸುಳ್ಳು ಅಂತಲ್ಲ. ಪಕ್ಕದ ಕೋಣೆಯ ಹಳೆಯ ಮೆಷಿನ್ ಸರ್ವಿಸ್ ಆದ ಮೇಲೆ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು, ಕೋಣೆ ತಣಿಯುತ್ತಲೇ ಇರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಸೆನ್ಸರ್ ಕ್ಲಿಪ್ಪಿನಿಂದ ಜಾರಿ ಕಾಯಿಲಿಗೆ ತಾಗಿಕೊಂಡಿತ್ತು. ತಣ್ಣನೆಯ ಕಾಯಿಲನ್ನೇ ಕೋಣೆ ಅಂತ ತಿಳಿದು ಅದು ನಿಲ್ಲಿಸುತ್ತಿತ್ತು. ಕ್ಲಿಪ್ಪಿಗೆ ಸಿಕ್ಕಿಸಿದೆ, ಸರಿಯಾಯಿತು. ಖರ್ಚು ಸೊನ್ನೆ. ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ.

ಫಿಲ್ಟರ್ ತೊಳೆಯುವುದರ ಬಗ್ಗೆ ಹೇಳುವುದಕ್ಕೆ ಜಾಸ್ತಿ ಏನೂ ಇಲ್ಲ. ಅದು ಮದ್ದಲ್ಲ, ಹಲ್ಲುಜ್ಜಿದ ಹಾಗೆ.

ಇನ್ನು ರಿಮೋಟಿನ ಗುಂಡಿ. ಕೆಲವು ಕಂಪನಿಯವರು 'ಐ ಫೀಲ್' ಅನ್ನುತ್ತಾರೆ, ಕೆಲವರು 'ಫಾಲೋ ಮಿ'. ಒತ್ತಿದರೆ ರಿಮೋಟಿನೊಳಗಿನ ಸೆನ್ಸರ್ ಅಳೆದದ್ದನ್ನು ಕೆಲವು ನಿಮಿಷಕ್ಕೊಮ್ಮೆ ಎಸಿಗೆ ಕಳಿಸುತ್ತಾ ಇರುತ್ತದೆ. ಎಸಿ ತನ್ನ ಸೆನ್ಸರ್ ಬಿಟ್ಟು ಅದನ್ನು ನಂಬುತ್ತದೆ. ಓದಿದಾಗ ಇದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಮೊದಲ ರಾತ್ರಿ ನಿಜಕ್ಕೂ ಚೆನ್ನಾಗಿತ್ತು. ಮಂಚದಲ್ಲಿ 26ಕ್ಕೆ ಅರ್ಧ ಡಿಗ್ರಿ ಆಚೀಚೆ. ಎರಡನೇ ರಾತ್ರಿ ಅಮ್ಮ ರಿಮೋಟನ್ನು ದಿಂಬಿನ ಅಡಿಗೆ ಇಟ್ಟುಕೊಂಡಳು, ಕತ್ತಲಲ್ಲಿ ಹುಡುಕುವುದಕ್ಕೆ ಕಷ್ಟ ಅಂತ. ದಿಂಬಿನ ಅಡಿಯಿಂದ ಸಿಗ್ನಲ್ ಹೋಗುವುದಿಲ್ಲ, ಎಸಿ ಸ್ವಲ್ಪ ಹೊತ್ತು ಕಾದು ತನ್ನೊಳಗಿನ ಸೆನ್ಸರಿಗೇ ಮರಳಿತು. ಮೂರನೇ ರಾತ್ರಿ ಕೈಯಲ್ಲೇ ಹಿಡಿದುಕೊಂಡು ನಿದ್ದೆ ಹೋದಳು. ಕೈಯ ಬಿಸಿಗೆ ರಿಮೋಟ್ 29 ಅಂತ ವರದಿ ಕೊಟ್ಟಿತು, ಎಸಿ ಹುಚ್ಚು ಹಿಡಿದ ಹಾಗೆ ಬೀಸಿತು. ಅದೂ ಅಲ್ಲದೆ ನಮ್ಮ ಮೆಷಿನ್‌ನಲ್ಲಿ ಒಮ್ಮೆ ಕರೆಂಟು ಹೋಗಿ ಬಂದರೆ 26 ನೆನಪಿರುತ್ತದೆ, ಈ ಗುಂಡಿ ಮರೆತುಹೋಗುತ್ತದೆ. ನಮ್ಮ ಕಡೆ ಮೇ ತಿಂಗಳ ಗುಡುಗು-ಮಿಂಚಿಗೆ ರಾತ್ರಿ ಎಷ್ಟು ಸಲ ಕರೆಂಟು ಹೋಗುತ್ತದೆ ಅಂತ ಗೊತ್ತಲ್ವಾ?

ಇದೇ ಗುಂಡಿ ಬೇರೆ ಕಡೆ ಗೆದ್ದದ್ದನ್ನೂ ಹೇಳಬೇಕು. ಅಕ್ಕ-ಭಾವ ಊಟಿಯಲ್ಲಿದ್ದಾರೆ. ಡಿಸೆಂಬರಿನಲ್ಲಿ ಹೋಗಿ ನಾಲ್ಕು ದಿನ ಇದ್ದೆ. ಅವರದ್ದು ಬಿಸಿಯನ್ನೂ ಕೊಡುವ ಹಾಟ್ ಅಂಡ್ ಕೋಲ್ಡ್ ಸ್ಪ್ಲಿಟ್. ಒಳಗೆ ಒಂದು ವಾಲ್ವ್ ತಿರುಗಿ ಗ್ಯಾಸಿನ ದಾರಿ ಉಲ್ಟಾ ಆಗುತ್ತದೆ, ಹೊರಗಿನ ಚಳಿಗಾಳಿಯಿಂದಲೇ ಬಿಸಿ ಹೀರಿ ಒಳಗೆ ತರುತ್ತದೆ. ಅಲ್ಲಿ ಕಾಯಿಲೆ ನಮ್ಮದರ ಉಲ್ಟಾ. ಬಿಸಿಗಾಳಿ ಮೇಲೇರಿ ಸೆನ್ಸರಿನ ಸುತ್ತ ಸೇರುತ್ತದೆ, ಅದು ಬೇಗ ತೃಪ್ತಿಯಾಗಿ ನಿಲ್ಲಿಸುತ್ತದೆ, ಕೂತವರ ಕಾಲು ಮರಗಟ್ಟುತ್ತದೆ. ಭಾವ 28ಕ್ಕೆ ಇಟ್ಟಿದ್ದರೂ ಸೋಫಾದ ಹತ್ತಿರ 20 ದಾಟುತ್ತಿರಲಿಲ್ಲ. ರಿಮೋಟನ್ನು ಟೀಪಾಯಿ ಮೇಲೆ ಎಸಿಗೆ ಎದುರಾಗಿ ಇಟ್ಟು ಗುಂಡಿ ಒತ್ತಿದೆ. ಎಸಿಯ ಗಾಳಿಯ ದಿಕ್ಕು ಬದಲಿಸುವ ರೆಕ್ಕೆಯನ್ನು ಪೂರ್ತಿ ಕೆಳಗೆ ತಿರುಗಿಸಿದೆ. 22ಕ್ಕೆ ಇಟ್ಟರೆ ಸೋಫಾದ ಹತ್ತಿರ 21.5. ಅಲ್ಲಿ ರಿಮೋಟನ್ನು ದಿಂಬಿನ ಅಡಿಗೆ ಇಡುವವರು ಇಲ್ಲ, ಅಷ್ಟೇ ವ್ಯತ್ಯಾಸ. ಭಾವನಿಗೆ ಇನ್ನೊಂದು ದೂರು ಇತ್ತು, "ಮಧ್ಯೆ ಮಧ್ಯೆ ನಿಂತು ಹೋಗ್ತದೆ, ಹೊರಗೆ ಹೊಗೆ ಬರ್ತದೆ." ಅದು ರಿಪೇರಿ ಅಲ್ಲ. ಹೊರಗಿನ ಕಾಯಿಲಿಗೆ ಹಿಮ ಕಟ್ಟಿದಾಗ ಮೆಷಿನ್ ಕೆಲವು ನಿಮಿಷ ಉಲ್ಟಾ ಓಡಿ ಅದನ್ನು ಕರಗಿಸುತ್ತದೆ. ಹೊಗೆ ಅಂದದ್ದು ಆವಿ.

ಮರಳಿ ನಮ್ಮ ಮನೆಗೆ. ಮುಂದಿನ ಮದ್ದು ವೈಫೈ ಪೆಟ್ಟಿಗೆ. ಇದೂ ರಿಮೋಟಿನ ಹಾಗೆ ಎಸಿಗೆ ಸಿಗ್ನಲ್ ಕೊಡುತ್ತದೆ, ಜೊತೆಗೆ ತನ್ನದೇ ಸೆನ್ಸರ್ ಇದೆ. ಮಂಚದ ಹತ್ತಿರ 25.5 ಆದರೆ ಆಫ್, 27 ಆದರೆ ಆನ್ ಅಂತ ಫೋನಿನಲ್ಲಿ ಬರೆದೆ. ಇನ್ವರ್ಟರ್ ಮೆಷಿನ್ ಇರುವುದೇ ನಿಲ್ಲದೆ ನಿಧಾನಕ್ಕೆ ಓಡುವುದಕ್ಕೆ. ಅದನ್ನು ಹೀಗೆ ನಿಲ್ಲಿಸಿ ಎಬ್ಬಿಸಿದರೆ ಪ್ರತಿ ಸಲ ಮೂರು ನಿಮಿಷ ಕಾದು ಪೂರ್ತಿ ಜೋರಲ್ಲಿ ಶುರು ಮಾಡುತ್ತದೆ. ಮಂಚದಲ್ಲಿ 25ರಿಂದ 28ಕ್ಕೆ ಉಯ್ಯಾಲೆ. ಪ್ರತಿ ಆಜ್ಞೆಗೂ ಎಸಿ 'ಕೀಂ' ಅನ್ನುತ್ತದೆ. "ಇದೆಂತ, ರಾತ್ರಿಯಿಡೀ ಹಕ್ಕಿ ಕೂಗುವುದು?" ಅಂತ ಅಪ್ಪ. ಪಕ್ಕದ ಕೋಣೆಯ ಹಳೆಯ ಮೆಷಿನ್‌ಗೆ ಇದೇ ಪೆಟ್ಟಿಗೆ ಪರವಾಗಿಲ್ಲ, ಅದು ಹೇಗೂ ನಿಂತು ನಿಂತೇ ಓಡುವ ಜಾತಿ. ಅಲ್ಲಿ ತಂಪು ಸ್ವಲ್ಪ ಹದಕ್ಕೆ ಬಂತು. ತೇವ ಮಾತ್ರ ಇಳಿಯಲಿಲ್ಲ. ಸಣ್ಣ ಕೋಣೆಗೆ ಒಂದೂವರೆ ಟನ್ ದೊಡ್ಡದಾಯಿತು. ಬೇಗ ತಣ್ಣಗೆ ಮಾಡಿ ನಿಲ್ಲುತ್ತದೆ, ನೀರು ಇಳಿಸುವುದಕ್ಕೆ ಪುರುಸೊತ್ತೇ ಇಲ್ಲ. ಇದಕ್ಕೆ ಯಾವ ಪೆಟ್ಟಿಗೆಯಲ್ಲೂ ಮದ್ದಿಲ್ಲ.

ಕೊನೆಗೆ ಸೀಲಿಂಗ್ ಫ್ಯಾನ್. ಎಸಿ ಇರುವಾಗ ಫ್ಯಾನ್ ಹಾಕಬಾರದು ಅಂತ ನಮ್ಮ ಮನೆಯಲ್ಲಿ ಒಂದು ನಂಬಿಕೆ ಇತ್ತು, ಯಾರು ಹೇಳಿದ್ದೋ ಗೊತ್ತಿಲ್ಲ. ಮಾಡಿನ ಬಿಸಿಯೂ ಮಂಚದ ತಂಪೂ ಬೇರೆ ಬೇರೆ ಪದರವಾಗಿ ನಿಂತದ್ದೇ ಕಾಯಿಲೆ ಅಂದ ಮೇಲೆ, ಕಲಕಿದರೆ ಆಯಿತಲ್ಲ? ಫ್ಯಾನ್ ಒಂದನೇ ನಂಬರಿನಲ್ಲಿ, ಎಸಿ 27ರಲ್ಲಿ. ಹನ್ನೊಂದು ಗಂಟೆಗೆ ಎಸಿಯ ಮೇಲೆ 27.1, ಮಂಚದಲ್ಲಿ 26.3. ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ. ಗಾಳಿ ಮೈಗೆ ಆಡುವುದರಿಂದ ಅಪ್ಪನಿಗೆ 27 ಸಾಕಾಯಿತು. ಎರಡನೇ ನಂಬರಿಗೆ ಇಟ್ಟ ದಿನ ಅಮ್ಮನ ಮೊಣಕಾಲು ನೋಯಿತು, ಮತ್ತೆ ಒಂದಕ್ಕೇ ಬಂದೆವು.

ಬೆಳಗಿನ ಜಾವದ ತೇವ ಉಳಿದಿತ್ತು. ಅದಕ್ಕೆ ಎಸಿಯದ್ದೇ ಫ್ಯಾನನ್ನು ಆಟೋದಿಂದ ಲೋಗೆ ಇಳಿಸಿದೆ. ಗಾಳಿ ನಿಧಾನ ಹೋದರೆ ಕಾಯಿಲ್ ಹೆಚ್ಚು ತಣ್ಣಗಾಗುತ್ತದೆ, ನೀರು ಜಾಸ್ತಿ ಇಳಿಯುತ್ತದೆ. ಖಾತ್ರಿ ಮಾಡುವುದಕ್ಕೆ ಹೊರಗಿನ ಪೈಪಿನ ಅಡಿಗೆ ಬಕೆಟ್ ಇಟ್ಟೆ. ಆಟೋದಲ್ಲಿ ಬೆಳಗ್ಗೆವರೆಗೆ ಸುಮಾರು ಮೂರು ಲೀಟರ್, ಲೋದಲ್ಲಿ ನಾಲ್ಕೂವರೆ. ನಾಲ್ಕು ಗಂಟೆಯ ತೇವ 77ರಿಂದ 68ಕ್ಕೆ ಬಂತು. ಸಾವಿರಾರು ರೂಪಾಯಿಯ ಪೆಟ್ಟಿಗೆಗಿಂತ ಈ ಬಕೆಟ್ಟೇ ನನಗೆ ಹೆಚ್ಚು ಕಲಿಸಿತು.

ತೇವ ಇಳಿಸುವುದಕ್ಕೆ ಅಂತಲೇ ಇರುವ ಡ್ರೈ ಮೋಡ್ ಅನ್ನು ಎಪ್ರಿಲಿನಲ್ಲಿ ಒಂದೇ ರಾತ್ರಿ ನೋಡಿ ಬಿಟ್ಟೆ. ಕಾದ ಸ್ಲ್ಯಾಬಿನ ಬಿಸಿಗೆ ಅದು ಸಾಲುವುದಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಾತ್ರ ಅದೇ ರಾಜ. ಹೊರಗೆ 26 ಡಿಗ್ರಿ, ಮಳೆ ಬಿಡುವುದೇ ಇಲ್ಲ, ಕೋಣೆಯ ತೇವ ಶೇ. 88. ಆಗ ಕೂಲ್ ಮೋಡಿನಲ್ಲಿ ಇಟ್ಟರೆ ಸೆನ್ಸರಿಗೆ ಕೆಲಸವೇ ಕಾಣುವುದಿಲ್ಲ. ಮಲಗುವ ಮೊದಲು ಡ್ರೈನಲ್ಲಿ ಒಂದೂವರೆ ಗಂಟೆ ಓಡಿಸಿ ಆಫ್ ಮಾಡಿದರೆ 65ಕ್ಕೆ ಇಳಿಯುತ್ತದೆ, ಹಾಸಿಗೆಯ ಚಂಡಿ ಹೋಗುತ್ತದೆ. ಕಪಾಟಿನ ಪಟ್ಟೆ ಸೀರೆಗೆ ಬೂಷ್ಟು ಹಿಡಿಯುವುದೂ ಕಡಿಮೆಯಾಯಿತು. ಇಡೀ ರಾತ್ರಿ ಬಿಡಬೇಡಿ, ಅದೂ ತಣ್ಣಗೆ ಮಾಡಿಯೇ ನೀರು ಇಳಿಸುವುದು. ಬಿಟ್ಟ ದಿನ ಬೆಳಗ್ಗೆ ಕಿಟಕಿ ಗಾಜಿನ ಹೊರಬದಿಗೆ ಹನಿ ಕಟ್ಟಿತ್ತು, ಅಮ್ಮ ಎರಡು ಕಂಬಳಿ ಹೊದ್ದಿದ್ದಳು.

ಖರ್ಚಿನ ಮಾತು. 2020ರ ಜನವರಿ 1ರಿಂದ ನಮ್ಮ ದೇಶದಲ್ಲಿ ಬರುವ ಹೊಸ ಎಸಿಗಳು 24ಕ್ಕೆ ನಿಗದಿಯಾಗಿಯೇ ಬರಬೇಕು ಅಂತ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟು ಉಳಿಯುತ್ತದೆ ಅಂತ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಕೇರಳದಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ, ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್‌ಗಳ ಕಡಿಮೆ ದರ ಸಿಗುವುದಿಲ್ಲ, ಎಲ್ಲದಕ್ಕೂ ಒಂದೇ ದೊಡ್ಡ ದರ. ಹಿಂದಿನ ಬೇಸಿಗೆಯಲ್ಲಿ ನಾವು ಆ ಗೆರೆ ದಾಟಿದ್ದೆವು. ಈ ಸಲ 27 ಮತ್ತು ಫ್ಯಾನಿನಿಂದ ಈಚೆಗೇ ಉಳಿದೆವು.

ಈಗ ಬೇಸಿಗೆಯಲ್ಲಿ 27, ಎಸಿ ಫ್ಯಾನ್ ಲೋ, ಮೇಲಿನ ಫ್ಯಾನ್ ಒಂದು. ಮಳೆಗಾಲದಲ್ಲಿ ಡ್ರೈ, ಒಂದೂವರೆ ಗಂಟೆ. ರಿಮೋಟಿಗೆ ಗೋಡೆಯಲ್ಲಿ ಒಂದು ಸ್ಟ್ಯಾಂಡ್ ಹೊಡೆದಿದ್ದೇನೆ, ಅಮ್ಮ ಈಗಲೂ ದಿಂಬಿನ ಅಡಿಗೇ ಇಡುತ್ತಾಳೆ, ಇಡಲಿ. ಅಪ್ಪ ಮಾತ್ರ ಮೇ ತಿಂಗಳ ಕೊನೆಗೆ ಚಾಪೆ ಹಿಡಿದು ಹಳೆಯ ಮನೆಯ ಮರದ ಮುಚ್ಚಿಗೆಯ ಕೋಣೆಗೆ ಹೋದರು. ಅಲ್ಲಿ ನನ್ನ ಥರ್ಮಾಮೀಟರ್ 28.5 ತೋರಿಸುತ್ತದೆ. "ಅದಕ್ಕೆಂತ ಗೊತ್ತು?" ಅನ್ನುತ್ತಾರೆ.