ಗೋವಾ ಟೇಬಲ್ಲಿಗೆ ಮೊದಲು ಊಟದ ಮೇಜು: 300 ಪೋಕರ್ ಚಿಪ್ಸ್ ಪೆಟ್ಟಿಗೆಯ ವಿಮರ್ಶೆ

2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ, ಮೊಬೈಲಿನಲ್ಲಿ ಪೋಕರ್ ಆಡಿ ಪಳಗಿದವರು ಗೋವಾದ ಕಡೆ ನೋಡುತ್ತಿದ್ದಾರೆ. ಕೊಡಗಿನಿಂದ ಅದೇನೂ ಪಕ್ಕದ ಊರಲ್ಲ. ಸಂಪಾಜೆ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಕೊಂಕಣ ರೈಲಿನಲ್ಲಿ ಮಡಗಾಂವ್, ಮತ್ತೆ ರಸ್ತೆಯಲ್ಲಿ ಪಣಜಿ, ಮಾಂಡೋವಿ ದಡದಿಂದ ದೋಣಿಯಲ್ಲಿ ಕ್ಯಾಸಿನೋ ಹಡಗು. ಇಷ್ಟೆಲ್ಲ ಮಾಡಿ ಟೇಬಲ್ಲಿಗೆ ಕೂತಾಗ, ಸ್ಕ್ರೀನಿನ ಮೇಲೆ ಸಾವಿರಾರು ಸುತ್ತು ಆಡಿದವರ ಕೈಯೂ ನಡುಗುತ್ತದೆ. ಎಲೆ ಹಂಚುವುದು, ಪಾಟ್ (ಮೇಜಿನ ನಡುವೆ ಸೇರಿದ ಪಣ) ಎಣಿಸುವುದು, ಯಾರ ಸರದಿ ಎಂದು ನೆನಪಿಸುವುದು, ಕನಿಷ್ಠ ರೇಸ್ (ಪಣ ಏರಿಸುವುದು) ಎಷ್ಟೆಂದು ಲೆಕ್ಕ ಹಾಕುವುದು ಎಲ್ಲವನ್ನೂ ಆ್ಯಪ್ ಮಾಡುತ್ತಿತ್ತು. ಈಗ ಹಂಚುವುದನ್ನು ಕ್ಯಾಸಿನೋದ ಡೀಲರ್ ನೋಡಿಕೊಂಡರೂ, ಉಳಿದದ್ದನ್ನು ಎಂಟು ಜನರ ಕಣ್ಣೆದುರು ನಿಮ್ಮ ಕೈ, ಬಾಯಿ ಮಾಡಬೇಕು. ನಡುಕದ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಈ ಕೈಕೆಲಸವನ್ನು ಮನೆಯಲ್ಲೇ ಕಲಿಯಲು, ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ 300 ಚಿಪ್ಸ್‌ನ (ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳ) ಅಲ್ಯೂಮಿನಿಯಂ ಪೆಟ್ಟಿಗೆ ಸಾಕೇ? ಉತ್ತರ ಮೊದಲೇ ಹೇಳಿಬಿಡಬಹುದು: ಚಿಪ್ಸ್ ಧಾರಾಳವಾಗಿ ಸಾಕು, ಜೊತೆಗೆ ಬರುವ ಎಲೆಗಳು ಕೊಡಗಿನ ಹವೆಗೆ ಪ್ರಯೋಜನವಿಲ್ಲ.

ಪೆಟ್ಟಿಗೆಯೊಳಗೆ ಐದು ಬಣ್ಣದ ಚಿಪ್ಸ್ ಇರುತ್ತವೆ. ಸಾಮಾನ್ಯವಾಗಿ ಒಂದು ಬಣ್ಣದ್ದು 100, ಉಳಿದ ನಾಲ್ಕು ತಲಾ 50. ಜೊತೆಗೆ ಎರಡು ಕಟ್ಟು ಎಲೆ, ಒಂದು ಡೀಲರ್ ಬಟನ್ (ಆ ಸುತ್ತಿನ ಹಂಚಿಕೆ ಯಾರ ಪಾಲಿನದೆಂದು ತೋರಿಸುವ ಬಿಲ್ಲೆ), ಕೆಲವದರಲ್ಲಿ ಯಾರಿಗೂ ಬೇಡದ ಐದು ದಾಳ. ಚಿಪ್ ಅಂದಾಜು 39 ಮಿಲಿಮೀಟರ್ ಅಗಲ, 11.5 ಗ್ರಾಂ ತೂಕ. ಪ್ಲಾಸ್ಟಿಕ್ಕಿನ ಒಳಗೆ ಲೋಹದ ಬಿಲ್ಲೆ ಕೂರಿಸಿರುತ್ತಾರೆ, ಆ ತೂಕ ಬರುವುದು ಅದರಿಂದ. ಚಿಪ್ಸ್ ಮಾತ್ರವೇ 3.45 ಕಿಲೊ ಆಗುವುದರಿಂದ ಪೆಟ್ಟಿಗೆಯ ಹಿಡಿ ಮತ್ತು ಕೀಲು ಮೊದಲು ಪರೀಕ್ಷಿಸಿ. ಅಗ್ಗದ ಪೆಟ್ಟಿಗೆಯಲ್ಲಿ ಮೊದಲು ಕೈಕೊಡುವುದು ಅವೇ. ಇದಕ್ಕಿಂತಲೂ ಅಗ್ಗಕ್ಕೆ 4 ಗ್ರಾಂನ ಹಗುರ ಪ್ಲಾಸ್ಟಿಕ್ ಬಿಲ್ಲೆಗಳು ಸಿಗುತ್ತವೆ. ಅವು ಮಕ್ಕಳ ಆಟಕ್ಕೆ ಸರಿ. ಬೆರಳಿಗೆ ಭಾರ ಗೊತ್ತಾಗದಿದ್ದರೆ ಈ ಅಭ್ಯಾಸಕ್ಕೆ ಅರ್ಥವಿಲ್ಲ.

ಅಂಕಿ ಅಚ್ಚಾದ ಚಿಪ್ಸ್ ಬೇಕೋ, ಬೋಳು ಚಿಪ್ಸ್ ಬೇಕೋ? ಬೋಳು ತಗೊಳ್ಳಿ. ಅಂಕಿ ಇರುವವು ಹೆಚ್ಚಾಗಿ ಡಾಲರ್ ಲೆಕ್ಕದಲ್ಲಿ 1, 5, 25, 100 ಎಂದಿರುತ್ತವೆ. ರೂಪಾಯಿ ಲೆಕ್ಕದ ಟೇಬಲ್ಲಿಗೆ ತಯಾರಾಗುವವರಿಗೆ ಅದು ಗೊಂದಲ. ಬೋಳಿಗೆ ನೀವೇ ಬೆಲೆ ಕಟ್ಟಬಹುದು. 100-200 ಬ್ಲೈಂಡಿಗೆ (ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಚಿಕ್ಕ ಮತ್ತು ದೊಡ್ಡ ಪಣ) ಆರು ಜನರ ಹಂಚಿಕೆ ಹೀಗೆ ಹೊಂದುತ್ತದೆ: 100ರದ್ದು ಹತ್ತು, 500ರದ್ದು ಎಂಟು, 1,000ದ್ದು ಐದು, 5,000ದ್ದು ಎರಡು. ತಲಾ 25 ಚಿಪ್ಸ್, ಒಟ್ಟು 20,000, ಅಂದರೆ ದೊಡ್ಡ ಬ್ಲೈಂಡಿನ ನೂರು ಪಟ್ಟು. 100 ಇರುವ ಬಣ್ಣವನ್ನೇ ನೂರರದ್ದಾಗಿ ಇಟ್ಟುಕೊಂಡರೆ ಯಾವುದೂ ಕಡಿಮೆ ಬೀಳುವುದಿಲ್ಲ.

ಮೇಜಿಗೆ ಪೋಕರ್ ಹಾಸು ಬೇರೆ ಕೊಳ್ಳುವುದು ದಂಡ. ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಹತ್ತಿಯ ಬೆಡ್‌ಶೀಟ್ ಬಿಗಿಯಾಗಿ ಎಳೆದು ಅಂಚು ಕಟ್ಟಿದರೆ ಎಲೆ ಜಾರುತ್ತದೆ, ಚಿಪ್ಸ್ ಸದ್ದು ಮಾಡುವುದಿಲ್ಲ. ಬರೀ ಮರದ ಮೇಜಾದರೆ ಎಲೆಯ ಮೂಲೆ ಎತ್ತಲು ಉಗುರು ಹಾಕಬೇಕಾಗುತ್ತದೆ, ಉಗುರು ಎಲೆಗೆ ಗುರುತು ಬಿಡುತ್ತದೆ.

ಇನ್ನು ಎಲೆಗಳ ದೂರು. ಪೆಟ್ಟಿಗೆಯಲ್ಲಿ ಬರುವುದು ಪ್ಲಾಸ್ಟಿಕ್ ಲೇಪದ ಕಾಗದ. ಕಕ್ಕಡ ತಿಂಗಳ ಮಳೆಯಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ ಕಾಗದದ ಎಲೆ ಎಷ್ಟು ದಿನ ನೆಟ್ಟಗಿದ್ದೀತು? ಅಂಚು ಉಬ್ಬುತ್ತದೆ, ಕಟ್ಟು ಬಾಗುತ್ತದೆ, ಕಲೆಸುವಾಗ ಎರಡೆರಡು ಅಂಟಿಕೊಂಡು ಬೀಳುತ್ತವೆ. ಪೂರ್ತಿ ಪ್ಲಾಸ್ಟಿಕ್ ಎಲೆಯ ಒಂದು ಕಟ್ಟು ಬೇರೆಯಾಗಿ ಕೊಳ್ಳಿ, 63×88 ಮಿಲಿಮೀಟರ್ ಅಳತೆಯದು. ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಪೆಟ್ಟಿಗೆಯ ಒಳಗಿನ ಸ್ಪಂಜು ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿಡಿ, ಬಿಸಿಲು ಬಂದ ದಿನ ಪೆಟ್ಟಿಗೆ ತೆರೆದಿಡಿ.

ಈಗ ಮುಖ್ಯ ವಿಷಯ, ಈ ಸಾಮಾನಿನಿಂದ ಏನು ಕಲಿಯಬಹುದು. ಮೊದಲ ಮೂರು ದಿನ ಒಬ್ಬರೇ ಕೂತು ನಿಮಗೆ ಬಿದ್ದ ಎರಡು ಎಲೆ ನೋಡುವುದನ್ನು ಕಲಿಯಿರಿ. ಎರಡೂ ಅಂಗೈಗಳನ್ನು ಎಲೆಗಳ ಸುತ್ತ ಗೂಡಿನ ಹಾಗೆ ಮುಚ್ಚಿ, ಹೆಬ್ಬೆರಳಿನಿಂದ ಮೂಲೆಯನ್ನು ಒಂದು ಸೆಂಟಿಮೀಟರ್ ಮಾತ್ರ ಎತ್ತಬೇಕು. ಮೇಜಿನಿಂದ ಎಲೆ ಮೇಲೆದ್ದರೆ ಪಕ್ಕದವರಿಗೆ ಎಕ್ಕ ಕಂಡಿತೆಂದೇ ಲೆಕ್ಕ. ನೋಡಿದ ಮೇಲೆ ಎಲೆಗಳ ಮೇಲೊಂದು ಚಿಪ್ ಇಡಿ. ಹಾಗೆ ಇಡದೆ ಮುಂದಕ್ಕೆ ತಳ್ಳಿಟ್ಟರೆ ಡೀಲರ್ ಅವನ್ನು ಬಿಟ್ಟ ಎಲೆಗಳೆಂದು ಗುಡ್ಡೆಗೆ ಸೇರಿಸಿಬಿಡಬಹುದು, ಆಮೇಲೆ ವಾಪಸ್ ಸಿಗುವ ಭರವಸೆ ಇಲ್ಲ. ಫೋನಿನಲ್ಲಿ ಎಲೆ ಸದಾ ಕಣ್ಣ ಮುಂದೆ ಇರುತ್ತಿತ್ತು. ಇಲ್ಲಿ ಒಮ್ಮೆ ನೋಡಿ ನೆನಪಿಡಬೇಕು. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಮೊದಲು ಬಿಚ್ಚುವ ಮೂರು ಎಲೆಗಳಲ್ಲಿ) ಒಂದೇ ಜಾತಿಯ ಮೂರು, ಉದಾಹರಣೆಗೆ ಮೂರೂ ಇಸ್ಪೀಟು, ಬಿದ್ದಾಗ ಮತ್ತೆ ಎಲೆ ಎತ್ತಿ ನೋಡಿದರೆ, ಒಂದೇ ಒಂದು ಎಲೆ ಆ ಜಾತಿಯದ್ದು ಇದೆಯೇನೋ ಎಂದು ಇಡೀ ಟೇಬಲ್ಲಿಗೆ ಸಾರಿದ ಹಾಗೆ.

ಚಿಪ್ಸ್ ಮುಂದಿಡುವುದರಲ್ಲಿ ಹೊಸಬರು ಎರಡು ಕಡೆ ಎಡವುತ್ತಾರೆ. ಒಂದು, ಏನೂ ಹೇಳದೆ ಸ್ವಲ್ಪ ಇಟ್ಟು, ಮತ್ತೆ ಕೈ ಹಿಂದಕ್ಕೆ ತಂದು ಇನ್ನಷ್ಟು ಇಡುವುದು. ಇದಕ್ಕೆ ಸ್ಟ್ರಿಂಗ್ ಬೆಟ್ ಎನ್ನುತ್ತಾರೆ. ಮೊದಲು ಇಟ್ಟದ್ದಷ್ಟೇ ಲೆಕ್ಕಕ್ಕೆ. ಇನ್ನೊಂದು, ಎದುರಿನವರು 600 ಇಟ್ಟಾಗ ಮಾತಾಡದೆ 5,000ದ ಒಂದೇ ಚಿಪ್ ಇಡುವುದು. ನೀವು ರೇಸ್ ಅಂದುಕೊಂಡಿರುತ್ತೀರಿ, ಡೀಲರ್ ಅದನ್ನು ಕಾಲ್ (ಎದುರಿನವರಷ್ಟೇ ಪಣ ಇಡುವುದು) ಎಂದು ತೆಗೆದುಕೊಂಡು ಚಿಲ್ಲರೆ ವಾಪಸ್ ಕೊಡುತ್ತಾರೆ. ಎರಡಕ್ಕೂ ಮದ್ದು ಒಂದೇ: ಮೊದಲು ಬಾಯಿ, ಆಮೇಲೆ ಕೈ. "ರೇಸ್, ಎರಡು ಸಾವಿರ" ಎಂದು ಹೇಳಿದರೆ ಕೈ ಎಷ್ಟು ನಡುಗಿದರೂ ಲೆಕ್ಕ ಬದಲಾಗದು. ಆದರೆ ನಿಮ್ಮ ಸರದಿಯಲ್ಲಿ ಹೇಳಿದ ಮಾತು ನಿಮ್ಮನ್ನು ಕಟ್ಟಿಹಾಕುತ್ತದೆ, ಬಾಯಿತಪ್ಪಿ ಹೇಳಿದೆ ಎಂದರೆ ನಡೆಯುವುದಿಲ್ಲ. ಕನಿಷ್ಠ ರೇಸ್ ಲೆಕ್ಕವನ್ನೂ ಬಾಯಲ್ಲೇ ರೂಢಿಸಿಕೊಳ್ಳಿ: 200ರ ಬ್ಲೈಂಡ್ ಮೇಲೆ ಒಬ್ಬರು 600 ಮಾಡಿದರೆ ಏರಿಕೆ 400, ಮುಂದಿನವರು ಕಡಿಮೆಯೆಂದರೆ 1,000 ಮಾಡಬೇಕು.

ಇಪ್ಪತ್ತರ ಕಂಬ ಕಟ್ಟುವುದು, ದೊಡ್ಡ ಬೆಲೆಯವನ್ನು ಮುಂದೆ ಕಾಣುವಂತೆ ಇಡುವುದು, ಚಿಪ್ಸನ್ನು ಪಾಟ್‌ನೊಳಕ್ಕೆ ಎಸೆಯದೆ ನಿಮ್ಮ ಮುಂದೆ ಅಚ್ಚುಕಟ್ಟಾಗಿ ಇಡುವುದು, ಇವು ನಾಲ್ಕು ಸಂಜೆಯಲ್ಲಿ ಬರುತ್ತವೆ. ಈ ಪೆಟ್ಟಿಗೆಯ ಚಿಪ್ಸ್ ಹೊಸದರಲ್ಲಿ ಜಾರುತ್ತವೆ, ಕಂಬ ಬೀಳುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿದರೆ ಎಣ್ಣೆ ಜಿಡ್ಡು ಹೋಗಿ ಹಿಡಿತ ಬರುತ್ತದೆ.

ಎರಡನೇ ವಾರಕ್ಕೆ ಜನ ಬೇಕು. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ಮನೆ ತುಂಬ ನೆಂಟರು ಸೇರಿದಾಗ ಹೇಗೂ ಎಲೆ ಹೊರಬರುತ್ತದೆ, ರಮ್ಮಿ ಬದಲು ಇದನ್ನು ಹಾಕಿ. ದುಡ್ಡು ಮಾತ್ರ ಬೇಡ, ಪೊಲೀಸ್ ಕಾಯ್ದೆಯ ತಂಟೆ ಯಾರಿಗೆ ಬೇಕು. ದುಡ್ಡಿಲ್ಲದ ಆಟದಲ್ಲಿ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರೆ ಎಂಬುದು ನಿಜವಾದ ತೊಡಕು. 20,000 ಮುಗಿದವರಿಗೆ ಮತ್ತೆ ಚಿಪ್ಸ್ ಇಲ್ಲ, ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಬೇಕು ಎಂದು ಕಟ್ಟು ಹಾಕಿದರೆ ಆಟ ತಕ್ಷಣ ಬಿಗಿಯಾಗುತ್ತದೆ. ಅಂದಹಾಗೆ, ಆಡುವವರು ಆ ಕಾಫಿಯನ್ನು ಕಡಿಮೆ ಕುಡಿಯುವುದು ಒಳ್ಳೆಯದು. ನಡುಗುವ ಕೈಗೆ ಕೆಫೀನ್ ಇನ್ನಷ್ಟು ನಡುಕ ಕೊಡುತ್ತದೆ. ಕ್ಯಾಸಿನೋದಲ್ಲಿ ಸಿಗುವ ಡ್ರಿಂಕ್ಸ್ ನಡುಕ ಇಳಿಸುತ್ತದೆ, ಲೆಕ್ಕವನ್ನೂ ಇಳಿಸುತ್ತದೆ.

ಪ್ರತಿ ನಿರ್ಧಾರಕ್ಕೂ, ಎಲೆ ಕೆಟ್ಟದಿದ್ದರೂ ಒಳ್ಳೆಯದಿದ್ದರೂ, ಮನಸ್ಸಿನಲ್ಲಿ ಮೂರು ಎಣಿಸಿ ಆಮೇಲೆ ಆಡಿ. ಚಿಪ್ಸ್ ಇಟ್ಟ ಮೇಲೆ ಎರಡೂ ಕೈ ಮೇಜಿನ ಅಂಚಿಗೆ ಊರಿ, ಉಸಿರನ್ನು ಉದ್ದಕ್ಕೆ ಬಿಡಿ. ಕೈ ಹೆಚ್ಚು ನಡುಗುವುದು ಸುಳ್ಳು ಆಡುವಾಗ ಎಂದು ಹೊರಗಿನವರು ತಿಳಿಯುತ್ತಾರೆ. ಅನುಭವಿಗಳು ಅದನ್ನು ಹೆಚ್ಚಾಗಿ ಒಳ್ಳೆಯ ಎಲೆಯ ಗುರುತೆಂದು ಓದಿ ಎಲೆ ಬಿಟ್ಟುಬಿಡುತ್ತಾರೆ, ನಿಮಗೆ ಬರಬೇಕಾದ ದುಡ್ಡು ಬರುವುದಿಲ್ಲ.

ಪೆಟ್ಟಿಗೆ ಕಲಿಸದ ಸಂಗತಿಗಳೂ ಇವೆ. ಒಂದು, ಬೇಸರ. ಆನ್‌ಲೈನ್‌ನಲ್ಲಿ ಒಂದು ಟೇಬಲ್ಲಿನಲ್ಲೇ ಗಂಟೆಗೆ 60ರಿಂದ 80 ಸುತ್ತು ಓಡುತ್ತವೆ, ಕ್ಯಾಸಿನೋದಲ್ಲಿ 25–30. ನಲವತ್ತು ನಿಮಿಷ ಒಳ್ಳೆಯ ಎಲೆ ಬಾರದಿದ್ದಾಗ, ಇಷ್ಟು ದೂರ ಬಂದೆನಲ್ಲ ಎಂದು ಕೆಟ್ಟ ಎಲೆಗೂ ದುಡ್ಡು ಹಾಕುವುದು ನಡುಕಕ್ಕಿಂತ ದುಬಾರಿ ಖಾಯಿಲೆ. ಇನ್ನೊಂದು, ಕೂರುವ ಜಾಗ. ಡೀಲರ್ ಪಕ್ಕದ ಎರಡು ಕುರ್ಚಿಗಳಿಂದ ಸಾಲಿನ ಆ ಕಡೆಯವರು ಕಾಣರು, ಎಲೆಗಳೂ ಡೀಲರ್ ಕೈಗೆ ಹತ್ತಿರ. ಕಣ್ಣು ಚೆನ್ನಾಗಿದ್ದವರಿಗೆ ಡೀಲರ್ ಎದುರಿನ ಮಧ್ಯದ ಕುರ್ಚಿ ಮೇಲು.

ಜೊತೆಯಾಗಿ ಹೋಗುವವರಿಗೆ ಒಂದು ಮಾತು: ಸುತ್ತು ನಡೆಯುವಾಗ ಕೊಡವ ತಕ್ಕ್ ಆಗಲಿ, ಅರೆಭಾಷೆ ಆಗಲಿ, ಕನ್ನಡವಾಗಲಿ ಆಡಬೇಡಿ. ಟೇಬಲ್ಲಿನ ಉಳಿದವರಿಗೆ ಅರ್ಥವಾಗದ ಮಾತು ಎಂದರೆ ಎಲೆ ಹೇಳಿಕೊಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ, ಡೀಲರ್ ಎಚ್ಚರಿಸುತ್ತಾರೆ. ಫೋನನ್ನೂ ಜೇಬಿನಲ್ಲಿಡಿ. 21 ತುಂಬಿರಬೇಕು, ಗುರುತಿನ ಚೀಟಿ ಬೇಕು. ಮೊದಲ ದಿನ ಚಿಕ್ಕ ಬ್ಲೈಂಡಿನ ಟೇಬಲ್ ಕೇಳಿ, ಹೆಸರು ಬರೆಸಿ, ಕುರ್ಚಿ ಸಿಗುವ ತನಕ ನಿಂತು ಡೀಲರ್ ಕೈ ನೋಡಿ. ಕೊನೆಗೆ ಎಲೆ ತೋರಿಸುವಾಗ ಎರಡನ್ನೂ ಮಗುಚಿ ಮೇಜಿನ ಮೇಲಿಡಿ, ಪಾಟ್ ನಿಮ್ಮ ಮುಂದಕ್ಕೆ ಬರುವವರೆಗೆ ಎಲೆಯಿಂದ ಬೆರಳು ತೆಗೆಯಬೇಡಿ.